ಹಸಿರು ಬೊಟ್ಟಿನ ಮಹಾಸ್ವಾಮಿಗಳಿಗೆ

ನಮಗೆ ಡೇಟಾಬೇಸ್ ಸರ್ವರ್ ಬಾಡಿಗೆ ಕೊಟ್ಟಿರುವ ಕಂಪನಿಯ ಗ್ರಾಹಕ ಸೇವಾ ವಿಭಾಗದ ಹಿರಿಯರಿಗೆ, ಶಿರಸಿ ಸೀಮೆಯ ಒಂದು ಅಡಿಕೆ ಸಹಕಾರಿ ಸಂಘದ ಸಾಫ್ಟ್‌ವೇರ್ ನೋಡಿಕೊಳ್ಳುವವನ ನಮಸ್ಕಾರಗಳು.

ಇವತ್ತು ಟೆಂಡರ್ ಹೊತ್ತಿಗೆ ಸರಿಯಾಗಿ ನಿಮ್ಮ ಸರ್ವರ್ ಮತ್ತೆ ಕೈಕೊಟ್ಟಿತು. ರಾಶಿ, ಚಾಲಿ, ಬೆಟ್ಟೆ, ಬಿಳಿಗೋಟು ಎಲ್ಲಕ್ಕೂ ವ್ಯಾಪಾರಿಗಳು ದರ ಹಾಕಿಯಾಗಿತ್ತು. ಯಾವ ಲಾಟಿಗೆ ಯಾರದ್ದು ಹೆಚ್ಚು ಎಂದು ಕಂಪ್ಯೂಟರ್ ಹೇಳಬೇಕು. ಅದು ಹೇಳಲಿಲ್ಲ. ಪರದೆಯ ನಡುವೆ ಒಂದು ಸಣ್ಣ ಚಕ್ರ ಸುತ್ತುತ್ತಿತ್ತು. ನನ್ನ ಬೆನ್ನ ಹಿಂದೆ ನಿಂತಿದ್ದ ಹಿರಿಯ ಬೆಳೆಗಾರರೊಬ್ಬರು, ‘ತಮಾ, ಇದು ದರ ಇಳೀಲಿ ಹೇಳಿ ಕಾಯ್ತಾ ಇದ್ದಾ ಹ್ಯಾಂಗೆ?’ ಎಂದರು. ಅದೇ ಗಳಿಗೆಯಲ್ಲಿ ಪಕ್ಕದ ಕಿಟಕಿಯಲ್ಲಿ ನಿಮ್ಮ ಡ್ಯಾಶ್‌ಬೋರ್ಡ್ ತೆರೆದಿತ್ತು. ಅಲ್ಲಿ ಹಸಿರು ಬೊಟ್ಟು. ಬೊಟ್ಟಿನ ಪಕ್ಕ ‘ಸರ್ವರ್ ಆರೋಗ್ಯವಾಗಿದೆ’ ಎಂಬ ಶುಭಸಮಾಚಾರ.

ಸರ್ವರ್ ಆರೋಗ್ಯವಾಗಿರುವುದು ತಿಳಿದು ಸಂತೋಷವಾಯಿತು. ನಮ್ಮದು ಹಾಗಿರಲಿಲ್ಲ.

ಚಾಟ್‌ಗೆ ಬಂದೆ. ಮೊದಲು ಯಂತ್ರ ಮಾತಾಡಿತು, ಆಮೇಲೆ ಯಂತ್ರಕ್ಕಿಂತ ಚೆನ್ನಾಗಿ ಯಂತ್ರದ ಹಾಗೆ ಮಾತಾಡುವ ಮನುಷ್ಯರು ಬಂದರು. ನಾನು ಕೇಳಿದ್ದು ಇಷ್ಟೇ: ಈ ಸರ್ವರ್‌ನಲ್ಲಿ ರ‍್ಯಾಮ್ ಎಷ್ಟಿದೆ, ಅದರಲ್ಲಿ ಮೈಎಸ್‌ಕ್ಯುಎಲ್‌ಗೆ ಎಷ್ಟು ಬಿಟ್ಟಿದ್ದೀರಿ? ‘ಸರ್, ತಾವು ಬಿಸಿನೆಸ್ ಪ್ಲಾನ್‌ನಲ್ಲಿದ್ದೀರಿ.’ ಗೊತ್ತು ಮಾರಾಯರೇ, ಬಿಲ್ಲಿನಲ್ಲೇ ಇದೆ. ರ‍್ಯಾಮ್ ಎಷ್ಟು? ‘ಸರ್, ನಿಮ್ಮ ಪ್ಲಾನ್‌ಗೆ ಸಾಕಾಗುವಷ್ಟಿದೆ.’ ಸಾಕಾಗುತ್ತಿಲ್ಲವೆಂದೇ ಕೇಳುತ್ತಿದ್ದೇನೆ. ‘ಒಂದು ನಿಮಿಷ ಲೈನ್‌ನಲ್ಲಿರಿ ಸರ್.’ ನಾನು ಚಹಾ ಕುಡಿದು ಬಂದೆ. ‘ಸರ್, ಪರಿಶೀಲಿಸಿದೆವು, ನಿಮ್ಮ ಡ್ಯಾಶ್‌ಬೋರ್ಡ್‌ನಲ್ಲಿ ಹಸಿರು ಬೊಟ್ಟು ಕಾಣುತ್ತಿದೆ.’

ಕಾಣುತ್ತಿದೆ ಸ್ವಾಮಿ. ನನ್ನ ಕಣ್ಣೂ ಚೆನ್ನಾಗಿದೆ.

ನಮ್ಮದೇ ಕೋಣೆಯಲ್ಲಿ ಮೇಜಿನ ಕೆಳಗೆ ಕೂತ ಸರ್ವರ್ ಆಗಿದ್ದರೆ ನಾನು ನಿಮ್ಮ ತಲೆ ತಿನ್ನುತ್ತಿರಲಿಲ್ಲ. ಒಳಗೆ ಹೋಗಿ ‘ಫ್ರೀ’ ಎಂದು ಹೊಡೆದರೆ ರ‍್ಯಾಮ್ ಲೆಕ್ಕ ಬರುತ್ತದೆ, ‘ಎನ್‌ಪ್ರಾಕ್’ ಎಂದರೆ ಕೋರ್ ಎಷ್ಟೆಂದು ಬರುತ್ತದೆ. ನಿಮ್ಮಲ್ಲಿ ಆ ಬಾಗಿಲು ಮುಚ್ಚಿದೆ. ಆಗಲಿ, ಬ್ಯಾಕಪ್ಪು, ಪ್ಯಾಚು, ಕಾವಲು ಎಲ್ಲ ನೀವೇ ನೋಡಿಕೊಳ್ಳುತ್ತೀರೆಂದೇ ನಿಮ್ಮ ಹತ್ತಿರ ಬಂದಿದ್ದು. ಒಳಗೆ ಬಿಡದವರು ಒಳಗೆ ಏನಿದೆ ಎಂದಾದರೂ ಹೇಳಬೇಕಲ್ಲ? ಡೇಟಾಬೇಸನ್ನೇ ಕೇಳೋಣವೆಂದರೆ, ತಾನು ಕೂತಿರುವ ಯಂತ್ರದ ಒಟ್ಟು ರ‍್ಯಾಮ್ ಎಷ್ಟೆಂದು ಮೈಎಸ್‌ಕ್ಯುಎಲ್ ಯಾವ ವೇರಿಯಬಲ್‌ನಲ್ಲೂ ಹೇಳುವುದಿಲ್ಲ. ಅದಕ್ಕೆ ನಿಮ್ಮ ಬಾಯಿಯೇ ಗತಿ, ಆ ಬಾಯಲ್ಲಿ ಹಸಿರು ಬೊಟ್ಟು.

ಆದರೆ ತನಗೆ ಎಷ್ಟು ಕೊಟ್ಟಿದ್ದಾರೆ ಎಂಬುದನ್ನು ಮೈಎಸ್‌ಕ್ಯುಎಲ್ ಮುಚ್ಚಿಡುವುದಿಲ್ಲ, ಪಾಪ. ‘ಶೋ ವೇರಿಯಬಲ್ಸ್’ ಎಂದೆ. ಇನ್ನೊಡಿಬಿ ಬಫರ್ ಪೂಲ್ ಸೈಜ್ ಎಂಬ ಸಾಲಿನಲ್ಲಿ ಈ ಸಂಖ್ಯೆ ಇತ್ತು: 134217728. ಬೈಟ್‌ಗಳ ಲೆಕ್ಕ. ನೋಡಲು ದೊಡ್ಡದು, ಅಡಿಕೆ ಸಂಘದ ವಹಿವಾಟಿನ ಹಾಗೆ ಕಾಣುತ್ತದೆ. ಮೆಗಾಬೈಟಿಗೆ ಇಳಿಸಿದರೆ 128.

ನೂರಾ ಇಪ್ಪತ್ತೆಂಟು ಎಂಬಿ!

ಗೊತ್ತಿಲ್ಲದವರು ಈ ಪತ್ರ ಓದಿದರೆ ಅವರಿಗಾಗಿ ಹೇಳುತ್ತೇನೆ, ನಿಮಗಲ್ಲ, ನಿಮಗೆ ಗೊತ್ತಿರಬೇಕು. ಡಿಸ್ಕಿನಿಂದ ತೆಗೆದ ದತ್ತಾಂಶವನ್ನು ಮೈಎಸ್‌ಕ್ಯುಎಲ್ ರ‍್ಯಾಮ್‌ನಲ್ಲಿ ಇಟ್ಟುಕೊಳ್ಳುವ ಜಾಗವೇ ಬಫರ್ ಪೂಲ್. ಅಲ್ಲಿ ಸಿಕ್ಕಿದರೆ ಉತ್ತರ ತಕ್ಷಣ, ಸಿಗದಿದ್ದರೆ ಮತ್ತೆ ಡಿಸ್ಕಿಗೆ ಓಡಬೇಕು. ಡೇಟಾಬೇಸ್ ಒಂದೇ ಇರುವ ಯಂತ್ರದಲ್ಲಿ ರ‍್ಯಾಮಿನ ಶೇ. 80ರವರೆಗೂ ಇದಕ್ಕೆ ಬಿಡುವುದುಂಟು ಎಂದು ಮೈಎಸ್‌ಕ್ಯುಎಲ್‌ನ ಕೈಪಿಡಿಯೇ ಹೇಳುತ್ತದೆ. 128 ಎಂಬಿ ಎನ್ನುವುದು ಅನುಸ್ಥಾಪನೆಯ ದಿನ ತಾನಾಗಿ ಬರುವ ಅಳತೆ, 2010ರ 5.5 ಆವೃತ್ತಿಯಿಂದ ನಡೆದುಬಂದದ್ದು. ಅದಕ್ಕೂ ಮೊದಲು 8 ಎಂಬಿ ಇತ್ತು, ಅದನ್ನು ನೆನೆಸಿ ನಿಮಗೆ ಕೃತಜ್ಞತೆ ಹೇಳಬೇಕೇನೋ.

ನಿಮ್ಮ ಜಾಹೀರಾತಿನ ಪ್ರಕಾರ ನಮ್ಮ ಪ್ಲಾನ್ 8 ಜಿಬಿಯದು. ಅಂದರೆ 8192 ಎಂಬಿ. 128ರಿಂದ ಭಾಗಿಸಿ ನೋಡಿ, 64 ಬರುತ್ತದೆ. ಅರವತ್ನಾಲ್ಕು ಅಂಕಣದ ಮನೆಗೆ ತಿಂಗಳು ತಿಂಗಳು ಬಾಡಿಗೆ ಕಟ್ಟುತ್ತಿದ್ದೇವೆ, ಅಡುಗೆ, ಊಟ, ನಿದ್ದೆ, ಬಾಣಂತನ ಎಲ್ಲ ಒಂದೇ ಅಂಕಣದಲ್ಲಿ. ಉಳಿದ ಅರವತ್ಮೂರರಲ್ಲಿ ಯಾರಿದ್ದಾರೆ? ಬಹುಶಃ ಹಸಿರು ಬೊಟ್ಟು.

ಬೇರೆ ದೂರುಗಳೂ ಇದ್ದವು. ನಿಧಾನವಾದ ಕ್ವೆರಿಗಳ ಲಾಗ್ ಆಫ್ ಮಾಡಿ ಬೀಗ ಹಾಕಿದ್ದೀರಿ. 151 ಸಂಪರ್ಕ ತುಂಬಿದರೆ ಬಾಗಿಲು ಬಂದ್. ಸಿಪಿಯು ಬೆಳಿಗ್ಗೆ ಚುರುಕು, ಕ್ರೆಡಿಟ್ ಮುಗಿದ ಮೇಲೆ ಮಧ್ಯಾಹ್ನ ತೂಕಡಿಕೆ. ಎಲ್ಲವನ್ನೂ ಒಂದೊಂದಾಗಿ ಬರೆಯಬೇಕೆಂದೇ ಕೂತಿದ್ದೆ. ಆದರೆ ಈ 128 ಕಂಡ ಮೇಲೆ ಉಳಿದದ್ದು ಯಾವುದೂ ಗಂಟಲಿಂದ ಹೊರಗೆ ಬರುತ್ತಿಲ್ಲ.

ನಾನೇ ಸರಿಮಾಡಿಕೊಳ್ಳೋಣವೆಂದು ಆ ಸಂಖ್ಯೆ ಬದಲಿಸಲು ಹೋದೆ. 1227 ನಂಬರಿನ ದೋಷ ಬಂತು: ನಿನಗೆ ಅಧಿಕಾರವಿಲ್ಲ. ಸರಿ, ಅಧಿಕಾರವಿದ್ದವರಿಗೆ ಟಿಕೆಟ್ ಹಾಕಿದೆ. ಬಂದ ಉತ್ತರ: ‘ಈ ಬದಲಾವಣೆಗೆ ಸರ್ವರ್ ರೀಸ್ಟಾರ್ಟ್ ಬೇಕು, ನಿರ್ವಹಣಾ ಅವಧಿಗಾಗಿ ಕಾಯಬೇಕು.’ ಯಾವ ಕಾಲದಲ್ಲಿದ್ದೀರಿ? 2015ರಲ್ಲಿ ಬಂದ 5.7 ಆವೃತ್ತಿಯಿಂದಲೇ ಬಫರ್ ಪೂಲನ್ನು ಓಡುತ್ತಿರುವ ಸರ್ವರ್‌ನಲ್ಲೇ ಹಿಗ್ಗಿಸಬಹುದು, ಕುಗ್ಗಿಸಬಹುದು. ನಿಮ್ಮದು 8.0. ಅದರಲ್ಲಂತೂ ಯಂತ್ರದ ರ‍್ಯಾಮ್ ನೋಡಿ ತಾನೇ ಅಳತೆ ಹಾಕಿಕೊಳ್ಳುವ ‘ಡೆಡಿಕೇಟೆಡ್ ಸರ್ವರ್’ ಎಂಬ ಒಂದು ಸ್ವಿಚ್ಚೇ ಇದೆ. ಅದನ್ನು ಒತ್ತಿದ್ದರೆ 8 ಜಿಬಿಗೆ ಮುಕ್ಕಾಲು ಪಾಲು, ಅಂದರೆ 6 ಜಿಬಿ ಸಿಗುತ್ತಿತ್ತು. ಒತ್ತುವ ಬೆರಳು ನಿಮ್ಮದೇ ಆಗಬೇಕು, ಅದು ಹಸಿರು ಬೊಟ್ಟು ತೋರಿಸುವುದರಲ್ಲಿ ಬಿಡುವಿಲ್ಲದೆ ಇದೆ.

ಇನ್ನು, ರೀಸ್ಟಾರ್ಟ್ ಎಂದರೆ ನಿಮಗೆ ಅಷ್ಟು ಹೆದರಿಕೆ ಎಂದು ನಾನು ನಂಬಿಯೂಬಿಡುತ್ತಿದ್ದೆ. ‘ಅಪ್‌ಟೈಮ್’ ನೋಡಿದೆ. ಸರ್ವರ್ ಶುರುವಾಗಿ ಎಷ್ಟು ಸೆಕೆಂಡಾಯಿತೆಂದು ಅದು ಹೇಳುತ್ತದೆ. ದಿನಕ್ಕೆ 86400 ಸೆಕೆಂಡು. ಅಲ್ಲಿ ಅದರ ಅರ್ಧದಷ್ಟೂ ಇರಲಿಲ್ಲ. ನಿನ್ನೆ ರಾತ್ರಿ ಯಾರಿಗೂ ಹೇಳದೆ ನೀವೇ ರೀಸ್ಟಾರ್ಟ್ ಮಾಡಿದ್ದೀರಿ! ನಿಮಗೆ ಬೇಕಾದಾಗ ಆಗುತ್ತದೆ, ನಾವು ಕೇಳಿದರೆ ಮಾತ್ರ ನಿರ್ವಹಣಾ ಅವಧಿ, ಮುಹೂರ್ತ, ರಾಹುಕಾಲ. ಒಪ್ಪಂದದಲ್ಲಿ ಶೇ. 99.9 ಎಂದು ದಪ್ಪಕ್ಷರದಲ್ಲಿ ಬರೆದಿದ್ದೀರಿ, ತಿಂಗಳಿಗೆ 43 ನಿಮಿಷ ಬಿದ್ದರೂ ನೀವು ಗೆದ್ದ ಹಾಗೆ. ಬಿದ್ದರೆ ತಾನೇ? ಇದು ಬೀಳುವುದೂ ಇಲ್ಲ, ಏಳುವುದೂ ಇಲ್ಲ, ಸುತ್ತುತ್ತದೆ. ಸುತ್ತುವ ಚಕ್ರವನ್ನು ಯಾವ ಒಪ್ಪಂದವೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಟೆಂಡರ್ ಯಾರ್ಡಿನಲ್ಲಿ ಬಿಸಿಲಲ್ಲಿ ನಿಂತ ಜನ ಮಾತ್ರ ಹಿಡಿಯುತ್ತಾರೆ, ಅವರು ಬೈಯುವುದು ನನ್ನನ್ನು.

ಕೊನೆಗೆ ನಿಮ್ಮ ಮಾರಾಟ ವಿಭಾಗದವರು ಫೋನ್ ಮಾಡಿದರು. ಅವರ ದನಿಯಲ್ಲಿ ಎಂಥ ವಾತ್ಸಲ್ಯ! 16 ಜಿಬಿಯ ಪ್ಲಾನ್‌ಗೆ ಏರಿದರೆ ಎಲ್ಲ ಸರಿಹೋಗುತ್ತದಂತೆ. ಅದರಲ್ಲಿ ಬಫರ್ ಪೂಲ್ ಎಷ್ಟಿರುತ್ತದೆ ಎಂದು ಕೇಳಿದೆ. ಟೆಕ್ನಿಕಲ್ ಟೀಮನ್ನು ಕೇಳಿ ಹೇಳುತ್ತೇವೆ ಎಂದರು. ಇನ್ನೂ ಹೇಳಿಲ್ಲ. ನಾನೇ ಹೇಳಲೇ? 128. ಅಂಕಣ ನೂರಿಪ್ಪತ್ತೆಂಟಾಗುತ್ತದೆ, ಬಾಡಿಗೆ ಇಮ್ಮಡಿಯಾಗುತ್ತದೆ, ನಮ್ಮ ಬಾಣಂತನ ಮಾತ್ರ ಅದೇ ಮೂಲೆಯಲ್ಲಿ.

ಸಂಘದ ಕಾರ್ಯದರ್ಶಿಗಳ ಮುಂದೆ ಈ ಲೆಕ್ಕ ಇಟ್ಟಿದ್ದೇನೆ. ಅವರಿಗೆ ಬಫರ್ ಪೂಲ್ ಗೊತ್ತಿಲ್ಲ, ಭಾಗಾಕಾರ ಚೆನ್ನಾಗಿ ಗೊತ್ತು. ಈ ತಿಂಗಳ ಬಿಲ್ಲಿನ ಅರವತ್ನಾಲ್ಕನೇ ಒಂದು ಪಾಲನ್ನು ನಿಮ್ಮ ಖಾತೆಗೆ ಹಾಕಲು ಹೇಳಿದ್ದಾರೆ. ಅದರ ಮೇಲೆ ಶೇ. 18 ಜಿಎಸ್‌ಟಿಯನ್ನು ಪೂರ್ತಿ ಕೊಡುತ್ತೇವೆ, ಸರ್ಕಾರದ ದುಡ್ಡು. ಬಾಕಿ ಎಲ್ಲಿ ಎಂದು ನಿಮ್ಮ ಲೆಕ್ಕಪತ್ರ ವಿಭಾಗದವರು ಫೋನ್ ಮಾಡಿದರೆ ಉತ್ತರ ಸಿದ್ಧವಿದೆ: ಒಂದು ನಿಮಿಷ ಲೈನ್‌ನಲ್ಲಿರಿ ಸರ್.