ಅಡಚಣಾ ಮೀಮಾಂಸೆ

ಹಳೆಯ ಟಿ.ವಿ. ಕಾರ್ಯಕ್ರಮಗಳ ಪುನರನ್ವೇಷಣೆ ನಾಡಿನಲ್ಲಿ ಭರದಿಂದ ಸಾಗಿದೆ. ಐವತ್ತರ ಆಸುಪಾಸಿನವರ ಯಾವುದೇ ವಾಟ್ಸಾಪ್ ಗುಂಪನ್ನು ತೆರೆಯಿರಿ, ಶುಭೋದಯದ ಗುಲಾಬಿಯ ಬೆನ್ನಿಗೇ ದೂರದರ್ಶನದ ಆ ತಿರುಗುವ ಲಾಂಛನ ಬಂದು ಬಿದ್ದಿರುತ್ತದೆ. ಕೆಳಗೆ ‘ಆ ಕಾಲವೇ ಕಾಲ’ ಎಂಬ ಷರಾ. ಆದರೆ ಆ ಕಾಲ ಅಷ್ಟು ಚೆನ್ನಾಗಿತ್ತು ಎನಿಸುವುದಕ್ಕೆ ಕಾರಣವೇನು ಎಂಬ ಮೂಲಪ್ರಶ್ನೆಯನ್ನು ವಿದ್ವಾಂಸರು ಎತ್ತಿದಂತಿಲ್ಲ. ಎತ್ತಬೇಕಾದವರು ಬಡ್ತಿಗೆ ಬೇಕಾದ ಪ್ರಬಂಧಗಳಲ್ಲಿ ಮುಳುಗಿರುವುದರಿಂದ ಆ ಭಾರ ನಮ್ಮ ಹೆಗಲಿಗೆ ಬಿದ್ದಿದೆ. ನಮ್ಮ ಪ್ರಮೇಯ ಇಷ್ಟೆ: ಆ ಕಾರ್ಯಕ್ರಮಗಳು ಚೆನ್ನಾಗಿದ್ದವು, ಏಕೆಂದರೆ ಅವು ಪೂರ್ತಿ ಕಾಣಿಸುತ್ತಿರಲಿಲ್ಲ.

ಸಂಪ್ರದಾಯದಂತೆ ಮೊದಲು ಕಾಲನಿರ್ಣಯ. ಕರ್ನಾಟಕದ ಟಿ.ವಿ. ಇತಿಹಾಸ 1981ರ ನವೆಂಬರ್ 1ರಂದು ತಮ್ಮೂರಲ್ಲೇ ಶುರುವಾಯಿತೆಂದು ಬೆಂಗಳೂರಿನವರು ನಂಬಿದ್ದಾರೆ. ಅವರ ಇನ್ನೂ ಹಲವು ನಂಬಿಕೆಗಳಂತೆ ಇದೂ ತಪ್ಪು. 1975ರ ಆಗಸ್ಟ್‌ನಿಂದ ಒಂದು ವರ್ಷ ಕಾಲ ಅಮೆರಿಕದ ಎಟಿಎಸ್-6 ಉಪಗ್ರಹವನ್ನು ಎರವಲು ಪಡೆದು ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟಿ.ವಿ. ತೋರಿಸಿದ ‘ಸೈಟ್’ ಪ್ರಯೋಗದಲ್ಲಿ ನಮ್ಮ ಉತ್ತರ ಕರ್ನಾಟಕದ ಹಳ್ಳಿಗಳೂ ಇದ್ದವು. 1977ರಲ್ಲಿ ಕಲಬುರಗಿಗೆ ಕೇಂದ್ರವೇ ಬಂತು. ಅಂದರೆ ರಾಜಧಾನಿಯ ಬುದ್ಧಿಜೀವಿ ರೇಡಿಯೊಗೆ ಕಿವಿ ಹಚ್ಚಿ ಕೂತಿದ್ದ ಕಾಲಕ್ಕೆ ತೊಗರಿ ಬೆಳೆಯುವ ರೈತ ಟಿ.ವಿ. ಮುಂದೆ ಕೂತಿದ್ದ. ಈ ಸಂಗತಿ ಬೆಂಗಳೂರಿನ ಗೋಷ್ಠಿಗಳಲ್ಲಿ ಕೇಳಿಬರದಿರುವುದು ಬೇರೆಯದೇ ಪ್ರಬಂಧದ ವಸ್ತು.

ಇನ್ನು ಆಂಟೆನಾ ಪ್ರಕರಣ. ಜಪಾನಿನ ಯಾಗಿ ಮತ್ತು ಉಡಾ ಎಂಬ ಇಬ್ಬರು ಮೇಷ್ಟ್ರುಗಳು 1926ರ ಹೊತ್ತಿಗೆ ರೂಪಿಸಿದ ಈ ಅಲ್ಯೂಮಿನಿಯಂ ಕಡ್ಡಿಗಳ ಏಣಿ ನಮ್ಮ ಮಾಳಿಗೆ ಏರಿದ ಕೂಡಲೇ ಶುದ್ಧ ವೈದಿಕವಾಯಿತು. ಯಜ್ಞದಲ್ಲಿ ನಾಲ್ವರು ಪ್ರಧಾನ ಋತ್ವಿಜರು ಇರುವಂತೆ ಇಲ್ಲಿಯೂ ನಾಲ್ವರು. ಮಾಳಿಗೆ ಹತ್ತಿ ಪೈಪು ತಿರುಗಿಸುವವನು ಅಧ್ವರ್ಯು. ಕಿಟಕಿಯ ಸರಳಿಗೆ ಮುಖ ಒತ್ತಿ ‘ಬಂತು, ಬಂತು, ಅಯ್ಯೋ ಹೋಯ್ತು’ ಎಂದು ಉಚ್ಚಸ್ವರದಲ್ಲಿ ಪಠಿಸುವವಳು ಉದ್ಗಾತೃ. ಪರದೆಯ ಮುಂದೆ ಕೂತು ‘ಮುಖ ಕಾಣ್ತಿದೆ, ಮೂಗು ಎರಡಿದೆ’ ಎಂದು ವಿವರ ಒಪ್ಪಿಸುವವನು ಹೋತೃ. ಈಸಿ ಚೇರಿನಲ್ಲಿ ಕಣ್ಣು ಮುಚ್ಚಿ, ಎಲ್ಲರೂ ತಪ್ಪು ಮಾಡಿದ ಮೇಲೆ ಮಾತ್ರ ‘ನಾನು ಮೊದಲೇ ಹೇಳಿದ್ದೆ, ಬಲಗಡೆ ಅಂತ’ ಎನ್ನುವ ತಾತ ಬ್ರಹ್ಮ.

ಈ ಕರ್ಮದ ಕರುಣಾಜನಕ ಭಾಗವನ್ನು ಯಾವ ಸೂತ್ರಕಾರನೂ ದಾಖಲಿಸಿಲ್ಲ. ಅಧ್ವರ್ಯು ಪೈಪು ಹಿಡಿದಿರುವಷ್ಟು ಹೊತ್ತೂ ಚಿತ್ರ ಸ್ಫಟಿಕದಷ್ಟು ಸ್ಪಷ್ಟ. ಕೈ ಬಿಟ್ಟನೋ, ಮತ್ತೆ ಚುಕ್ಕಿಗಳ ಜಡಿಮಳೆ. ಅವನ ಮೈಯೇ ಆಂಟೆನಾದ ಒಂದು ಭಾಗವಾಗಿ ಹೋಗಿರುತ್ತಿತ್ತು. ‘ಅಲ್ಲೇ ಇರೋ, ಅಲುಗಾಡಬೇಡ!’ ಎಂಬ ಆಜ್ಞೆ ಕೆಳಗಿನಿಂದ ಬರುತ್ತಿತ್ತು. ಹೀಗೆ ರಾಮಾಯಣದ ಭಾನುವಾರಗಳನ್ನು ಮಾಳಿಗೆಯ ಮೇಲೆ, ಒಣಹಾಕಿದ ಹಪ್ಪಳ ಸಂಡಿಗೆಗಳ ನಡುವೆ, ಒಂದು ಕೈಯಲ್ಲಿ ಪೈಪು ಹಿಡಿದು, ಇನ್ನೊಂದು ಕೈಯಲ್ಲಿ ಕಾಗೆ ಓಡಿಸುತ್ತ ಕಳೆದ ಚಿಕ್ಕಪ್ಪಂದಿರ ಒಂದು ಪೀಳಿಗೆಯೇ ಇದೆ. ಯಜ್ಞದ ಫಲ ಯಜಮಾನನಿಗೆ, ಋತ್ವಿಜನಿಗೆ ದಕ್ಷಿಣೆ ಮಾತ್ರ ಎಂಬುದು ಶಾಸ್ತ್ರ. ಚಿಕ್ಕಪ್ಪನಿಗೆ ದಕ್ಷಿಣೆಯಾಗಿ ಆರಿದ ಕಾಫಿ ಸಿಗುತ್ತಿತ್ತು.

ವರ್ಣವಿಚಾರದಲ್ಲಿಯೂ ಒಂದು ಅನ್ಯಾಯವನ್ನು ಸರಿಪಡಿಸಬೇಕಿದೆ. 1965ರ ‘ಸತ್ಯ ಹರಿಶ್ಚಂದ್ರ’ 2008ರಲ್ಲಿ, 1971ರ ‘ಕಸ್ತೂರಿ ನಿವಾಸ’ 2014ರಲ್ಲಿ ಬಣ್ಣ ತೊಟ್ಟು ಮತ್ತೆ ಚಿತ್ರಮಂದಿರಕ್ಕೆ ಬಂದಾಗ ಇದೇನೋ ಹೊಸ ವಿದ್ಯೆ ಎಂಬಂತೆ ಜನ ಬೆರಗಾದರು. ಆದರೆ ಅದಕ್ಕೂ ಎಷ್ಟೋ ವರ್ಷ ಮೊದಲೇ ಕಪ್ಪು-ಬಿಳುಪು ಟಿ.ವಿ.ಯ ಮುಂದೆ ತೂಗುಹಾಕುವ ಪ್ಲಾಸ್ಟಿಕ್ ಹಾಳೆ ಸಂತೆಗಳಲ್ಲಿ ಮಾರಾಟವಾಗುತ್ತಿತ್ತು. ಮೇಲೆ ನೀಲಿ, ನಡುವೆ ಕೇಸರಿಯಂಥದ್ದೊಂದು, ಕೆಳಗೆ ಹಸಿರು. ಆಕಾಶ, ಮನುಷ್ಯ, ಹುಲ್ಲು ಎಂಬ ಕ್ರಮದಲ್ಲಿ ಸೃಷ್ಟಿಯನ್ನು ವಿಂಗಡಿಸಿದ ಈ ಹಾಳೆಯ ಹಿಂದೆ ಗಂಭೀರ ತತ್ತ್ವವಿತ್ತು. ವಾರ್ತೆ ಓದುವವರ ಹಣೆ ನೀಲಿಯಾಗಿ, ಸೀರೆ ಹಸಿರಾಗಿ ಕಾಣುತ್ತಿದ್ದುದು ನಿಜ. ಆದರೆ ಯಾರಾದರೂ ಹುಲ್ಲಿನ ಮೇಲೆ ನಿಂತ ಕ್ಷಣ ಇಡೀ ಮನೆ ‘ಕಲರ್! ಕಲರ್!’ ಎಂದು ಕೂಗುತ್ತಿತ್ತು. ವರ್ಣೀಕರಣದ ಆದ್ಯರೆಂಬ ಗೌರವ ಸಲ್ಲಬೇಕಾದದ್ದು ಆ ಸಂತೆಯ ವ್ಯಾಪಾರಿಗಳಿಗೆ.

ಈಗ ಸಿದ್ಧಾಂತ. ಹೇಳಿದ್ದಕ್ಕಿಂತ ಹೇಳದೆ ಹೊಳೆಯಿಸಿದ ಅರ್ಥವೇ ಕಾವ್ಯದ ಆತ್ಮ ಎಂದು ಒಂಬತ್ತನೆಯ ಶತಮಾನದಲ್ಲಿ ಆನಂದವರ್ಧನ ಸಾಧಿಸಿದ. ಪಾಪ, ಅವನ ಕಾಶ್ಮೀರದಲ್ಲಿ ಕರೆಂಟು ಇರಲಿಲ್ಲ, ಆದ್ದರಿಂದ ಕರೆಂಟು ಹೋಗುವುದರ ರಸವೂ ಅವನಿಗೆ ತಿಳಿಯಲಿಲ್ಲ. ಕುಂಭಕರ್ಣ ಆಗಷ್ಟೇ ಎದ್ದು ಆಕಳಿಸಿದ್ದಾನೆ, ಕರೆಂಟು ಹೋಯಿತು. ಬಂದಾಗ ಅವನು ಸತ್ತು ಬಿದ್ದಿದ್ದಾನೆ. ನಡುವೆ ಆದದ್ದೇನು? ಆ ವಾರವಿಡೀ ಊರಿನ ಹಜಾಮತಿ ಅಂಗಡಿಯಲ್ಲಿ, ನಲ್ಲಿಯ ಸಾಲಿನಲ್ಲಿ, ಶಾಲೆಯ ಕೊನೆಯ ಬೆಂಚಿನಲ್ಲಿ ಕುಂಭಕರ್ಣ ಬಗೆಬಗೆಯಾಗಿ ಸಾಯುತ್ತಿದ್ದ. ಕೆಲವರ ಪ್ರಕಾರ ಕೈ ಮೊದಲು ಹೋಯಿತು, ಕೆಲವರ ಪ್ರಕಾರ ತಲೆ. ನೋಡಿದವರಿಗಿಂತ ನೋಡದವರ ಪಾಠವೇ ಉತ್ತಮವಾಗಿರುತ್ತಿತ್ತು. ಕರೆಂಟು ಹೋಗದ ಊರಿಗಾಗಿ ದಿಲ್ಲಿಯವರೇ ಕಾಳಜಿಯಿಂದ ‘ರುಕಾವಟ್ ಕೇ ಲಿಯೇ ಖೇದ್ ಹೈ’ ಎಂಬ ಫಲಕ ಹಾಕಿ ಆ ಕೊರತೆ ತುಂಬುತ್ತಿದ್ದರು. ರಸಗಳು ಒಂಬತ್ತು ಎನ್ನುವವರು ಆ ಫಲಕದ ಮುಂದೆ ಅರ್ಧ ಗಂಟೆ ಬಾಯಿ ಬಿಟ್ಟು ಕೂತವರಲ್ಲ.

ಪೂರ್ವಪಕ್ಷಿಗಳು ಇಲ್ಲಿ ಆಕ್ಷೇಪಿಸಬಹುದು: ಅಡಚಣೆಯಿಲ್ಲದೆ ನೋಡಿದರೂ ಆ ಸವಿ ಇದ್ದೀತಲ್ಲ? ಅದೃಷ್ಟವಶಾತ್ ದೇಶವೇ ಈ ಪರೀಕ್ಷೆಗೆ ಕೂತಿತ್ತು. 1987ರ ಜನವರಿ 25ರಂದು ಮೊದಲು ಬಂದ ರಾಮಾಯಣವನ್ನು 2020ರ ಮಾರ್ಚ್ 28ರಿಂದ, ಲಾಕ್‌ಡೌನಿನಲ್ಲಿ ಎಲ್ಲರೂ ಮನೆಯಲ್ಲೇ ಸಿಕ್ಕಿಬಿದ್ದಿದ್ದಾಗ, ದೂರದರ್ಶನ ಮತ್ತೆ ಪ್ರಸಾರ ಮಾಡಿತು. ಕೋಟಿಗಟ್ಟಲೆ ಜನ ನೋಡಿದರು. ಆಗ ಬಯಲಾದ ಸತ್ಯವೆಂದರೆ ಎರಡು ಬಾಣಗಳು ಆಕಾಶದಲ್ಲಿ ಎದುರುಬದುರಾಗಿ ಬಂದು ಮುಟ್ಟುವಷ್ಟರಲ್ಲಿ ಒಂದು ಕುಕ್ಕರ್ ಅನ್ನ ಆಗುತ್ತದೆ. ಇದು ಮೊದಲೂ ಹಾಗೇ ಇತ್ತು. ಆದರೆ ಆಗ ಆ ಹೊತ್ತಿಗೆ ನಾವು ಆಂಟೆನಾ ತಿರುಗಿಸುತ್ತಿದ್ದೆವು.

‘ಮಾಲ್ಗುಡಿ ಡೇಸ್’ ಮಾತ್ರ ಈ ಪ್ರಮೇಯಕ್ಕೆ ತಲೆನೋವು. ಶಂಕರ್‌ನಾಗ್ ಆಗುಂಬೆಯ ಬೀದಿಯನ್ನೇ ಊರಾಗಿ ಮಾಡಿ ತೆಗೆದ ಆ ಸರಣಿಯನ್ನು ಇಂದು ಪೂರ್ತಿಯಾಗಿ, ಸ್ಪಷ್ಟವಾಗಿ, ಕರೆಂಟು ಹೋಗದೆಯೂ ನೋಡಬಹುದು, ಮತ್ತು ಅದು ಚೆನ್ನಾಗಿಯೇ ಇದೆ. ಅಪ್ಪನ ಪಾತ್ರದ ಗಿರೀಶ ಕಾರ್ನಾಡರು ಒಮ್ಮೆ ಕಣ್ಣೆತ್ತಿ ನೋಡಿದರೆ ಇಂದಿಗೂ ಹೋಂವರ್ಕ್ ಮಾಡದ ಮಗನ ಬೆನ್ನು ಬೆವರುತ್ತದೆ. ಅರಸಾಳಿನ ಹಳೆಯ ರೈಲು ನಿಲ್ದಾಣವಂತೂ ಈಗ ಮಾಲ್ಗುಡಿ ಸಂಗ್ರಹಾಲಯವೇ ಆಗಿದೆ. ‘ಘಟಶ್ರಾದ್ಧ’ದ್ದೂ ಇದೇ ಹಟ. ಗಿರೀಶ ಕಾಸರವಳ್ಳಿಯವರ 1977ರ ಈ ಸ್ವರ್ಣಕಮಲದ ಚಿತ್ರ ಪುನಶ್ಚೇತನಗೊಂಡು 2024ರಲ್ಲಿ ವೆನಿಸ್ ಚಿತ್ರೋತ್ಸವದ ಪರದೆ ಏರಿತು. ಅದನ್ನು ನೋಡಿದರೆ ಭಾನುವಾರ ಮಧ್ಯಾಹ್ನ ಕಿವುಡರ ವಾರ್ತೆ ಮುಗಿದು ಪ್ರಶಸ್ತಿ ಚಿತ್ರ ಶುರುವಾಗುತ್ತಲೇ ಚಾಪೆ ಹಾಸಿ ಮಲಗುತ್ತಿದ್ದ ನಮ್ಮ ಜನ ಏನೇನು ಕಳೆದುಕೊಂಡರೋ ಎಂಬ ಸಂಶಯ ಮೂಡುತ್ತದೆ. ಸಿದ್ಧಾಂತಕ್ಕೆ ಹೊಂದದ ಪುರಾವೆಗಳನ್ನು ‘ಅಪವಾದ’ ಎಂದು ಕರೆದು ಮುಂದೆ ಸಾಗುವುದು ವಿದ್ವತ್ತಿನ ಹಳೆಯ ಪದ್ಧತಿ. ನಾವೂ ಹಾಗೇ ಮಾಡುತ್ತೇವೆ.

ವಾಟ್ಸಾಪ್ ಪುನರನ್ವೇಷಕರ ಪೈಕಿ ಹೆಚ್ಚಿನವರು ಹಳೆಯ ಸರಣಿಯ ಶೀರ್ಷಿಕೆ ಸಂಗೀತ ಮುಗಿಯುವವರೆಗೆ ನೋಡಿ, ಕಣ್ಣೊರೆಸಿಕೊಂಡು, ಇನ್ನೊಂದು ಗುಂಪಿಗೆ ತಳ್ಳಿ ವಿರಮಿಸುತ್ತಾರೆ. ಕಥೆಯವರೆಗೆ ಹೋಗುವವರು ವಿರಳ. ಅವರಿಗೆ ಬೇಕಿರುವುದು ಮಾಳಿಗೆಯ ಚಿಕ್ಕಪ್ಪ, ಕಿಟಕಿಯ ಅಕ್ಕ, ಟಿ.ವಿ. ಇಲ್ಲದ ಪಕ್ಕದ ಮನೆಯವರೆಲ್ಲ ನಡುಮನೆಯಲ್ಲಿ ಒತ್ತಿಕೊಂಡು ಕೂತ ಆ ಸೆಕೆ. ಅದು ಯೂಟ್ಯೂಬಿನಲ್ಲಿ ಸಿಗುವುದಿಲ್ಲ. ಚಂದಾ ಕಟ್ಟಿದರೂ ಸಿಗುವುದಿಲ್ಲ.

ಆದುದರಿಂದ ಸಹೃದಯರಲ್ಲಿ ನಮ್ಮ ಶಾಸ್ತ್ರೋಕ್ತ ವಿನಂತಿ: ಈ ಭಾನುವಾರ ಹಳೆಯದೇನನ್ನಾದರೂ ನೋಡುವುದಿದ್ದರೆ ಅಕ್ಕಪಕ್ಕದ ನಾಲ್ಕು ಮನೆಯವರನ್ನು ಕರೆಯಿರಿ, ಮೊಬೈಲುಗಳನ್ನು ಅಡುಗೆಮನೆಯಲ್ಲಿ ಇರಿಸಿ. ಕಥೆ ಬಿಗಿಯಾದ ಘಳಿಗೆಯಲ್ಲಿ ಮನೆಯ ಹಿರಿಯರೊಬ್ಬರು ಎದ್ದು ಹೋಗಿ ಮೇನ್ ಸ್ವಿಚ್ ಆರಿಸತಕ್ಕದ್ದು. ಯುಪಿಎಸ್ ಇರುವವರು ಅದನ್ನೂ ಆರಿಸಿ.