ಕರ್ಣಕವಚ ಜೀರ್ಣೋದ್ಧಾರ ಮೀಮಾಂಸೆ

ಹೆಡ್‌ಫೋನುಗಳು ಎರಡು ಬಗೆ: ಬಿಚ್ಚಿದವು, ಇನ್ನೂ ಬಿಚ್ಚದವು. ಅರ್ಧ ಬಿಚ್ಚಿ, ಒಂದು ಸ್ಕ್ರೂ ಸೋಫಾದ ಕೆಳಗೆ ಉರುಳಿಹೋದದ್ದರಿಂದ ಡ್ರಾಯರು ಸೇರಿದ ಮೂರನೆಯ ಬಗೆಯೂ ಉಂಟೆಂದು ಕೆಲವರು ವಾದಿಸುತ್ತಾರೆ. ಅದು ಮೊದಲನೆಯ ಬಗೆಯದೇ ಒಂದು ಅವಸ್ಥೆ, ಸ್ವತಂತ್ರ ಜಾತಿಯಲ್ಲ ಎಂಬುದು ಪ್ರಸ್ತುತ ಪ್ರಬಂಧಕಾರನ ನಿಲುವು. ಈ ಬಗ್ಗೆ ಚರ್ಚೆಗೆ ಅವಕಾಶವಿಲ್ಲ.

ಶಾಸ್ತ್ರಗ್ರಂಥ ತೊಡಗುವ ಮುನ್ನ ಅನುಬಂಧ ಚತುಷ್ಟಯ ಹೇಳಬೇಕೆಂಬುದು ಶಿಷ್ಟಾಚಾರ, ಹೇಳಿಬಿಡೋಣ. ವಿಷಯ: ಕಿವಿಯನ್ನು ಇಡಿಯಾಗಿ ಒಳಗಿಟ್ಟುಕೊಂಡು ಸುತ್ತ ಕೂರುವ ದೊಡ್ಡ ಹೆಡ್‌ಫೋನಿನ ಕುಶನ್ನು, ತಲೆಪಟ್ಟಿ, ವೈರು ಮತ್ತು ಹೊಟ್ಟೆಯೊಳಗಿನ ಹತ್ತಿ. ಪ್ರಯೋಜನ: ಕಿವಿಗೆ ಸುಖ, ನಾದಕ್ಕೆ ಶುದ್ಧಿ. ಸಂಬಂಧ: ಇವೆರಡಕ್ಕೂ ಎಣ್ಣೆ-ಸೀಗೆಕಾಯಿ ಸಂಬಂಧ, ಒಂದನ್ನು ಹಿಡಿದರೆ ಇನ್ನೊಂದು ಕೈಬಿಡುತ್ತದೆ. ಅಧಿಕಾರಿ: ವಾರಂಟಿ ಮುಗಿದವನು, ಅಥವಾ ವಾರಂಟಿಯಲ್ಲಿ ವೈರಾಗ್ಯ ಹುಟ್ಟಿದವನು.

ಈ ಶಾಸ್ತ್ರ ಹೆಡ್‌ಫೋನಿನಷ್ಟೇ ಹಳೆಯದು. ಅಮೆರಿಕದ ಯುಟಾ ರಾಜ್ಯದ ನಥೇನಿಯಲ್ ಬಾಲ್ಡ್‌ವಿನ್ 1910ರಲ್ಲಿ ತನ್ನ ಅಡುಗೆಮನೆಯಲ್ಲಿ ಕೂತು ಹೆಡ್‌ಫೋನ್ ಮಾಡಿ ಅಲ್ಲಿನ ನೌಕಾಪಡೆಗೆ ಕಳಿಸಿಕೊಟ್ಟ. ಪಡೆಯವರು ಶಬ್ದಕ್ಕೆ ತಲೆದೂಗಿದರು. ದೂಗಿದ ತಲೆ ನೋಯಿತು. ಆತ ತಲೆಪಟ್ಟಿ ಬದಲಿಸಿ, ಚರ್ಮ ಸುತ್ತಿದ ಎರಡು ತಂತಿಗಳನ್ನು ಹೆಚ್ಚುಕಡಿಮೆ ಮಾಡಿಕೊಳ್ಳುವಂತೆ ಕೂರಿಸಿದ. ಹೆಡ್‌ಫೋನ್ ಹುಟ್ಟಿದ್ದು ಅಡುಗೆಮನೆಯಲ್ಲಿ, ಅದರ ರಿಪೇರಿ ಹುಟ್ಟಿದ್ದು ಅದರ ಬೆನ್ನಿಗೇ. ನಮ್ಮ ಮನೆಯ ಚಮಚಗಳೂ ತರಕಾರಿ ಚಾಕುವೂ ಆಗಾಗ ನಾಪತ್ತೆಯಾಗುವುದಕ್ಕೆ ಹೀಗೆ ನೂರು ವರ್ಷ ಮೀರಿದ ಪರಂಪರೆಯ ಬೆಂಬಲವಿದೆ. 1958ರಲ್ಲಿ ಮಿಲ್ವಾಕಿಯ ಜಾನ್ ಕಾಸ್ ಸ್ಟೀರಿಯೋ ಹೆಡ್‌ಫೋನ್ ತಂದ ಮೇಲೆ ಜನ ಅದನ್ನು ಹಾಡಿಗೆಂದು ಗಂಟೆಗಟ್ಟಲೆ ತಲೆಯ ಮೇಲೆ ಹೊತ್ತರು. ಅಧಿಕಾರಿಗಳ ಸಂಖ್ಯೆ ಬೆಳೆಯಿತು.

ಕುಶನ್ ಪ್ರಕರಣ

ಸಕಲ ಹೆಡ್‌ಫೋನುಗಳಿಗೂ ಮೊದಲ ಮುಪ್ಪು ಕುಶನ್ನಿಗೆ. ಪೆಟ್ಟಿಗೆಯ ಮೇಲೆ ಲೆದರ್ ಎಂಬ ಪದಕ್ಕೆ ಹಿಂದೆಮುಂದೆ ಏನೇ ವಿಶೇಷಣ ಅಂಟಿಸಿರಲಿ, ಬಹುಪಾಲು ಅದು ಬಟ್ಟೆಯ ಮೇಲೆ ಬಳಿದ ಪಾಲಿಯುರೆಥೇನ್. ಗಾಳಿಯ ತೇವ ಅದರ ಅಣುಸರಪಳಿಯನ್ನು ಸದ್ದಿಲ್ಲದೆ ಕಡಿಯುತ್ತ ಬರುತ್ತದೆ, ಬೆವರು ಕೈಜೋಡಿಸುತ್ತದೆ. ಆದಕಾರಣ ಧಾರವಾಡದ ಕುಶನ್ನಿಗಿಂತ ಮಂಗಳೂರಿನ ಕುಶನ್ನು ಅಲ್ಪಾಯುಷಿ. ಲಕ್ಷಣ: ಕಪ್ಪು ಹೊಟ್ಟು ಉದುರುವುದು. ರೋಗನಿರ್ಣಯ ಸಾಮಾನ್ಯವಾಗಿ ಆಗುವುದು ಆಫೀಸಿನ ವಿಡಿಯೋ ಮೀಟಿಂಗಿನಲ್ಲಿ, "ಸರ್, ನಿಮ್ಮ ಕಿವಿ ಹತ್ರ ಇರುವೆ ಹರೀತಿದೆ" ಎಂದು ಕಿರಿಯ ಸಹೋದ್ಯೋಗಿ ಸಂಕೋಚದಿಂದ ಹೇಳಿದಾಗ.

ಹೊಸ ಕುಶನ್ನು ತರಿಸುವುದು ಸುಲಭ, ತೊಡಿಸುವುದು ತಪಸ್ಸು. ಕುಶನ್ನಿನ ಹಿಂದೆ ತೆಳ್ಳನೆಯ ಒಂದು ಅಂಚು ಇರುತ್ತದೆ. ಬಟ್ಟಲಿನ ಸುತ್ತ ಉಗುರೂ ಹೋಗದ ಒಂದು ಸೀಳು. ಈ ಅಂಚು ಆ ಸೀಳಿನೊಳಗೆ ಇಳಿಯಬೇಕು. ಸೈಕಲ್ ರಿಮ್ಮಿಗೆ ಟೈರ್ ಏರಿಸಿದವರಿಗೆ ಇದರ ಸ್ವಭಾವ ಗೊತ್ತು: ಮುಕ್ಕಾಲು ಸುತ್ತು ವಿಧೇಯವಾಗಿ ಕೂರುತ್ತದೆ, ಉಳಿದ ಕಾಲು ಸುತ್ತಿಗೆ ಕೈಹಾಕಿದೊಡನೆ ಮೊದಲ ಕಾಲು ಸುತ್ತು ಟಪ್ಪನೆ ಹೊರಗೆ ಹಾರುತ್ತದೆ. ಎಡ ಹೆಬ್ಬೆರಳಿನಿಂದ ಒಂದು ತುದಿ ಅದುಮಿ, ಬಲಗೈಯಲ್ಲಿ ಅವಧಿ ಮುಗಿದ ಎಟಿಎಂ ಕಾರ್ಡ್ ಹಿಡಿದು ಅಂಚನ್ನು ಇಂಚಿಂಚಾಗಿ ಒಳಗೆ ತಳ್ಳುತ್ತ, ನಾಲಿಗೆಯನ್ನು ಹಲ್ಲಿನ ನಡುವೆ ಕಚ್ಚಿಕೊಂಡಿರುವುದು ಶಾಸ್ತ್ರೋಕ್ತ ಭಂಗಿ. ಈ ಹೊತ್ತಿನಲ್ಲಿ ಕರೆಗಂಟೆ ಬಾರಿಸುವ ಕೊರಿಯರ್ ಹುಡುಗನಿಗೆ ಪ್ರಾಯಶ್ಚಿತ್ತವಿಲ್ಲ.

ಕುಶನ್ನನ್ನು ದಿಂಬಿನ ವರ್ಗಕ್ಕೆ ಸೇರಿಸಿದ ಪೂರ್ವಾಚಾರ್ಯರು ಎಡವಿದ್ದು ಇಲ್ಲಿ: ಅದು ವಾದ್ಯದ ಅಂಗ. ಡ್ರೈವರ್ ಎಂಬ ಪುಟ್ಟ ಪೊರೆ ತಳ್ಳಿದ ಗಾಳಿ ಕುಶನ್ನು-ಕೆನ್ನೆಗಳ ಸಂದಿಯಲ್ಲಿ ಸೋರಿದರೆ ಮೊದಲು ಮಾಯವಾಗುವುದು ಬೇಸ್. ಒಂದು ಕನ್ನಡಕದ ಕಡ್ಡಿ ಸಾಕು, ತಬಲಾದ ಡಗ್ಗಾ ಪಕ್ಕದ ಮನೆಗೆ ಹೋಗಿಬಿಡುತ್ತದೆ. ಹೀಗಾಗಿ ಎರಡು ಮತಗಳು ಹುಟ್ಟಿದವು. ಲೆದರ್ ಮತದವರು ಸೋರಿಕೆಯನ್ನು ಒಪ್ಪರು; ಅವರಿಗೆ ಬೇಸ್ ಉಂಟು, ಜೊತೆಗೆ ಕಿವಿಯ ಸುತ್ತ ಏಪ್ರಿಲ್ ತಿಂಗಳ ರಾಯಚೂರೂ ಉಂಟು. ವೆಲ್ವೆಟ್ ಮತದವರಿಗೆ ತಂಪು ಮುಖ್ಯ. ಗಾಳಿ ಆಡುತ್ತದೆ, ಅದರೊಡನೆ ಬೇಸೂ ಆಡುತ್ತ ಹೊರಗೆ ಹೋಗುತ್ತದೆ. ಹೊರಸುತ್ತು ಲೆದರ್, ಕೆನ್ನೆಗೆ ತಾಗುವಲ್ಲಿ ವೆಲ್ವೆಟ್ ಇರುವ ಮಿಶ್ರ ಕುಶನ್ನು ಈಚಿನ ವಿಶಿಷ್ಟಾದ್ವೈತ. ಇನ್ನು ದಪ್ಪ ಕುಶನ್ನು ಹಾಕಿದರೆ ಡ್ರೈವರು ಕಿವಿಯಿಂದ ದೂರ ಸರಿದು ಹಾಡಿನ ಬಣ್ಣವೇ ಬದಲಾಗುತ್ತದೆ. ಕಿವಿಯ ತುದಿ ಒತ್ತುತ್ತದೆ ಎಂದು ಕುಶನ್ನು ಬದಲಿಸಿದವನು ಮಾರನೆಯ ದಿನ ಗಾಯಕಿಗೆ ನೆಗಡಿಯಾಗಿದೆ ಎಂದು ದೂರುವುದು ಇದರಿಂದಲೇ.

ಅಳತೆವಾದಿಗಳು ಇದನ್ನೆಲ್ಲ ಗ್ರಾಫಿನಲ್ಲಿ ತೋರಿಸುತ್ತಾರೆ. 1972ರಿಂದ ಅವರ ಕೈಯಲ್ಲಿ ಕೆಮಾರ್ ಎಂಬ ಬೊಂಬೆಮನುಷ್ಯನಿದ್ದಾನೆ. ಅವನ ರಬ್ಬರ್ ಕಿವಿಯ ಹಿಂದೆ ಮೈಕ್ ಇಟ್ಟು ಅಳೆಯುತ್ತಾರೆ. ಕೆಮಾರನಿಗೆ ಕನ್ನಡಕವಿಲ್ಲ, ಜುಮುಕಿಯಿಲ್ಲ, ಮುಡಿದ ಮಲ್ಲಿಗೆಯಿಲ್ಲ, ತಲೆಗೆ ಎಣ್ಣೆಯಿಲ್ಲ. ಇಂಥವನ ಸಾಕ್ಷ್ಯವನ್ನು ಬಸವನಗುಡಿಯ ಕಿವಿಗಳಿಗೆ ಎಷ್ಟರ ಮಟ್ಟಿಗೆ ಅನ್ವಯಿಸಬಹುದೆಂಬುದು ಪ್ರತ್ಯೇಕ ಪಿಎಚ್‌.ಡಿ.ಗೆ ಯೋಗ್ಯ ವಿಷಯ.

ನಾಣ್ಯ ಪ್ರಕರಣ

ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ತಯಾರಾಗುವ ಗ್ರಾಡೊ ಹೆಡ್‌ಫೋನುಗಳು ಮೂಲತಃ ಕಿವಿಯ ಮೇಲೇ ಕೂರುವ ಜಾತಿ. ಅವಕ್ಕೆ ಬೆತ್ತಲೆ ಸ್ಪಂಜು. ಆ ಸ್ಪಂಜು ಚುಚ್ಚುತ್ತದೆಂದು ಅದರ ಭಕ್ತರೇ ಒಪ್ಪುತ್ತಾರೆ. ಅವರು ಕಂಡುಕೊಂಡ ಉಪಾಯ: 1968ರ ಸೆನ್‌ಹೈಸರ್ ಎಚ್‌ಡಿ 414ರ ಹಳದಿ ಸ್ಪಂಜನ್ನು ತಂದು, ನಡುವೆ ಅಮೆರಿಕದ ಕ್ವಾರ್ಟರ್ ನಾಣ್ಯವಿಟ್ಟು, ಸುತ್ತ ಗೀಟು ಹಾಕಿ, ಕತ್ತರಿಸಿ ತೂತು ಮಾಡಿ ಗ್ರಾಡೊಗೆ ತೊಡಿಸುವುದು. ಜರ್ಮನಿಯ ಸ್ಪಂಜು, ಅಮೆರಿಕದ ಹೆಡ್‌ಫೋನು, ಸರ್ಕಾರಿ ಟಂಕಸಾಲೆಯ ಅಳತೆ.

ಇದನ್ನು ನಮ್ಮ ನಾಡಿಗೆ ಹೇಗೆ ಒಗ್ಗಿಸುವುದು? ಕ್ವಾರ್ಟರಿನ ವ್ಯಾಸ 24.26 ಮಿ.ಮೀ. 2011ರ ಸರಣಿಯ ನಮ್ಮ ನಾಣ್ಯಗಳಲ್ಲಿ ಒಂದು ರೂಪಾಯಿ 22 ಮಿ.ಮೀ., ಐದು ರೂಪಾಯಿ 23, ಎರಡು ರೂಪಾಯಿ 25. (ಆಗ ಐದಕ್ಕಿಂತ ಎರಡು ದೊಡ್ಡದಾಗಿದ್ದುದು ನಮ್ಮ ಅರ್ಥಶಾಸ್ತ್ರದ ರಹಸ್ಯ, ಇಲ್ಲಿ ಅಪ್ರಸ್ತುತ.) ಅಂದರೆ ಆ ಸರಣಿಯ ಎರಡು ರೂಪಾಯಿಯೇ ಹತ್ತಿರದ್ದು, ಮುಕ್ಕಾಲು ಮಿಲಿಮೀಟರ್ ದೊಡ್ಡದಾಗುವುದನ್ನು ಕತ್ತರಿಯ ಕೈನಡುಕ ಸರಿದೂಗಿಸುತ್ತದೆ. ತೂತು ದೊಡ್ಡದಾದಷ್ಟೂ ಮೇಲಿನ ಸ್ವರಗಳು ಮೊನಚಾಗುತ್ತವೆ. ಹತ್ತು ರೂಪಾಯಿಯ 27 ಮಿ.ಮೀ. ನಾಣ್ಯ ಬಳಸಿದವರು ಪಿಟೀಲನ್ನು ಮತ್ತೆ ಕೇಳಲು ಹೆದರುತ್ತಾರೆ.

ತಲೆಪಟ್ಟಿ ಪ್ರಕರಣ

ಸೆನ್‌ಹೈಸರಿನದೇ ಎಚ್‌ಡಿ 600, 1997ರದು. ಎಚ್‌ಡಿ 650, 2003ರದು. ಬಿಡಿಭಾಗ ಬದಲಿಸುವವರ ಪಾಲಿಗೆ ಇವು ಕಾಶಿ-ರಾಮೇಶ್ವರ: ಕುಶನ್ನು, ಜಾಲರಿ, ವೈರು ಎಲ್ಲವೂ ಕೈಯಲ್ಲೇ ಕಳಚಿ ಬರುತ್ತವೆ. ಆದರೆ ಹೊಸದರಲ್ಲಿ ಇವುಗಳ ಹಿಡಿತ ಸೊಂಟ ಹಿಡಿದ ಪೈಲ್ವಾನನದು. ಇದಕ್ಕೆ ಎರಡು ಚಿಕಿತ್ಸೆ. ಒಂದು, ಉಗ್ರ: ಪಟ್ಟಿಯನ್ನು ಪೂರ್ತಿ ಹೊರಗೆಳೆದು, ಕಾಣುವ ಉಕ್ಕಿನ ಪಟ್ಟಿಯನ್ನು ಎರಡೂ ಕೈಯಲ್ಲಿ ಮೆಲ್ಲಗೆ ಹೊರಕ್ಕೆ ಬಾಗಿಸುವುದು. ಮೆಲ್ಲಗೆ ಎಂಬ ಪದವನ್ನು ಓದುಗರು ಎರಡು ಸಲ ಓದಬೇಕು. ಇನ್ನೊಂದು, ಸೌಮ್ಯ: ರಾತ್ರಿಯಿಡೀ ಅದನ್ನು ದಪ್ಪ ಪುಸ್ತಕಗಳಿಗೆ ತೊಡಿಸಿಡುವುದು. ಕನ್ನಡ ಸಾಹಿತ್ಯ ಪರಿಷತ್ತಿನ ನಿಘಂಟಿಗೆ ಎಂಟು ಸಂಪುಟಗಳಿರುವುದರ ಉಪಯೋಗ ಇಲ್ಲಿ ಅರಿವಾಗುತ್ತದೆ. ಪಂಡಿತರು ಇಷ್ಟು ವರ್ಷ ಅದನ್ನು ಒಳಗಿನಿಂದ ಮಾತ್ರ ನೋಡಿದ್ದಾರೆ.

ಎಕೆಜಿ ಕಂಪನಿಯ ಕೆ701ರ ಕಥೆ ಬೇರೆ. ಅದರ ತಲೆಪಟ್ಟಿಯ ಒಳಮೈಗೆ ಸಾಲಾಗಿ ಉಬ್ಬುಗಳಿದ್ದವು. ಗಂಟೆಯೊಳಗೆ ನೆತ್ತಿಯಲ್ಲಿ ಅವುಗಳ ಮುದ್ರೆ ಬೀಳುತ್ತಿತ್ತು. ಬಳಸುವವರು ಚಾಕು ಹಿಡಿದು ಉಬ್ಬು ಕೆತ್ತಿದರು, ಪಟ್ಟಿಯ ಕೆಳಗೆ ಬಟ್ಟೆ ಹೊಲಿದರು. ಮುಂದಿನ ಕೆ712ರಲ್ಲಿ ಕಂಪನಿಯೇ ಪಟ್ಟಿಯನ್ನು ಸಪಾಟು ಮಾಡಿತು. ಇದು 1947ರಲ್ಲಿ ವಿಯೆನ್ನಾದಲ್ಲಿ ಹುಟ್ಟಿದ ಕಂಪನಿ. ತಲೆಬುರುಡೆಯ ಉಬ್ಬುತಗ್ಗು ಮುಟ್ಟಿ ಮನುಷ್ಯನ ಗುಣ ಹೇಳುತ್ತೇನೆಂದ ಫ್ರಾಂಜ್ ಯೋಸೆಫ್ ಗಾಲ್ ತನ್ನ ಶಾಸ್ತ್ರ ಶುರುಮಾಡಿದ್ದೂ ವಿಯೆನ್ನಾದಲ್ಲೇ. ಗಾಲ್ ಇದ್ದ ಉಬ್ಬುಗಳನ್ನು ಓದಿದ; ಆ ಊರು ಎರಡು ಶತಮಾನ ಕಾದು ಇಲ್ಲದವರಿಗೂ ಒದಗಿಸಿತು. ಈ ಸಂಬಂಧವನ್ನು ಪ್ರಪ್ರಥಮವಾಗಿ ಗುರುತಿಸಿದ ಕೀರ್ತಿ ಪ್ರಸ್ತುತ ಪ್ರಬಂಧಕ್ಕೆ ಸಲ್ಲಬೇಕು.

ಹತ್ತಿ-ಟೇಪು ಪ್ರಕರಣ

ಕಂಪನಿಯ ಇಂಜಿನಿಯರು ಪ್ರಯೋಗಾಲಯದಲ್ಲಿ ಕೂತು ಮಾಡಿದ್ದನ್ನು ತಿದ್ದಲು ನೀವು ಯಾರು ಎಂದು ಪೂರ್ವಪಕ್ಷ. ಇದಕ್ಕೆ ಸಮಾಧಾನ ಜಪಾನಿನ ಫೋಸ್ಟೆಕ್ಸ್ ಟಿ50ಆರ್‌ಪಿ. ಅದನ್ನು ಕೊಂಡವರು ಮೊದಲು ಮಾಡುವ ಕೆಲಸ ಬಟ್ಟಲು ಬಿಚ್ಚಿ ಒಳಗೆ ಮಕ್ಕಳಾಟದ ಬಣ್ಣದ ಜೇಡಿಮಣ್ಣು ಮೆತ್ತುವುದು, ಹತ್ತಿ ತುಂಬುವುದು, ಗಾಳಿಗಿಂಡಿಗೆ ಟೇಪು ಹಚ್ಚುವುದು. ಮಣ್ಣು ಪ್ಲಾಸ್ಟಿಕ್ ಬಟ್ಟಲಿನ ಅದುರು ನಿಲ್ಲಿಸುತ್ತದೆ; ಹತ್ತಿ ಹಿಂಬದಿಯ ಗೋಡೆಗೆ ಬಡಿದು ಮರಳುವ ಅಲೆಯನ್ನು ಕುಡಿಯುತ್ತದೆ. ಹೀಗೆ ಮೆತ್ತುತ್ತ ಮೆತ್ತುತ್ತ ಮಿಸ್ಟರ್‌ಸ್ಪೀಕರ್ಸ್, ಜೆಡ್‌ಎಂಎಫ್ ಎಂಬ ಕಂಪನಿಗಳನ್ನೇ ಕಟ್ಟಿದವರಿದ್ದಾರೆ.

ನಮ್ಮಲ್ಲಿ ಇದಕ್ಕೆ ಇನ್ನೂ ಹಿರಿಯ ಪ್ರಮಾಣವಿದೆ. ಮೃದಂಗದವರು ಕಛೇರಿಗೆ ಮುಂಚೆ ಎಡ ಮುಚ್ಚಿಗೆಗೆ ರವೆ ಕಲಸಿ ಮೆತ್ತುತ್ತಾರೆ. ಮೆತ್ತಿದಷ್ಟೂ ಗುಮುಕಿ ಕೆಳಗಿಳಿಯುತ್ತದೆ, ಹೆಚ್ಚಾದರೆ ಕೆರೆದು ತೆಗೆಯುತ್ತಾರೆ. ತಂಬೂರಿಯ ಕುದುರೆಯ ಮೇಲೆ ತಂತಿಯಡಿ ಒಂದೆಳೆ ದಾರ ಸರಿಸಿದರೆ ಸ್ವರಕ್ಕೆ ಜೀವ ಬರುತ್ತದೆ. ರವೆಗೂ ದಾರಕ್ಕೂ ಇರುವ ಮರ್ಯಾದೆ ಟೇಪಿಗೆ ಏಕಿಲ್ಲ?

ಡ್ರೈವರಿನ ಮುಂದೆ ತೆಳುಪೊರೆ ಹಚ್ಚಿ ತಾರಸ್ವರದ ಚುರುಕು ತಗ್ಗಿಸುವ ಶಾಖೆಯ ಮೂಲ ಪಶ್ಚಿಮದ ಸ್ಟುಡಿಯೋಗಳಲ್ಲಿದೆ. ಯಮಾಹ ಎನ್‌ಎಸ್-10 ಎಂಬ ಸ್ಪೀಕರಿನ ಕೀಚಲು ತಾಳದೆ ಅಲ್ಲಿನವರು ಅದರ ಟ್ವೀಟರಿಗೆ ಟಾಯ್ಲೆಟ್ ಪೇಪರ್ ಇಳಿಬಿಟ್ಟರು. ಬಾಬ್ ಹೋಡಾಸ್ ಎಂಬ ಇಂಜಿನಿಯರ್ 1986ರಲ್ಲಿ ಆ ಪೇಪರುಗಳನ್ನೇ ಅಳತೆಗೆ ಒಡ್ಡಿ ಗಂಭೀರ ಲೇಖನ ಬರೆದರು. (ಅಣಕು ಪ್ರಬಂಧಕಾರನ ಕೆಲಸವನ್ನು ಹೀಗೆ ಮೊದಲೇ ಮಾಡಿಟ್ಟರೆ ನಮ್ಮಂಥವರು ಬದುಕುವುದು ಹೇಗೆ?) ನೀರು ಬಳಸುವ ನಾಡಿನಲ್ಲಿ ಈ ಶಾಖೆ ಬೇರುಬಿಡಲಿಲ್ಲ, ಅದರ ಜಾಗದಲ್ಲಿ ಮೈಕ್ರೋಪೋರ್ ಶಾಖೆ ಚಿಗುರಿತು. ಮೆಡಿಕಲ್ ಸ್ಟೋರಿನಲ್ಲಿ ಸಿಗುವ, ಗಾಯಕ್ಕೆ ಸುತ್ತುವ ಬಿಳಿ ಟೇಪು. ಸೂಕ್ಷ್ಮ ರಂಧ್ರಗಳಿಂದ ಗಾಳಿ ಒಂದಿಷ್ಟು ಬಿಡುತ್ತದೆ, ಒಂದಿಷ್ಟು ತಡೆಯುತ್ತದೆ. "ಗಾಯ ಎಲ್ಲಿ ಸರ್?" ಎಂದು ಅಂಗಡಿಯವರು ಕೇಳಿದರೆ "ಎಂಟು ಕಿಲೋಹರ್ಟ್ಸ್ ಹತ್ರ" ಎಂದು ಉತ್ತರಿಸಬಾರದು.

ವೈರ್ ಪ್ರಕರಣ

ಬೆಳ್ಳಿ ತಾಮ್ರಕ್ಕಿಂತ ಶೇ. 6ರಷ್ಟು ಉತ್ತಮ ವಾಹಕ. 300 ಓಮ್‌ನ ಹೆಡ್‌ಫೋನಿಗೆ ಒಂದು ಓಮ್ ಕೂಡ ಇಲ್ಲದ ವೈರನ್ನು ಬದಲಿಸಿದವರು "ಪರದೆ ಸರಿದಂತಾಯಿತು" ಎನ್ನುತ್ತಾರೆ. ಬೆಳ್ಳಿಯನ್ನು ಉಡುದಾರಕ್ಕೆ ಬಳಸುವುದು ಮೇಲು. ಪ್ರಕರಣ ಮುಗಿಯಿತು.

ವಾರಂಟಿ ಮತ್ತು ಆತ್ಮ

ಕುಶನ್ನು ಬದಲಾಯಿತು, ತಲೆಪಟ್ಟಿ ಬದಲಾಯಿತು, ವೈರು ಬದಲಾಯಿತು, ಹೊಟ್ಟೆಗೆ ಹತ್ತಿ ಬಂತು. ಈಗಿರುವುದು ಅದೇ ಹೆಡ್‌ಫೋನೇ? ಮಿಲಿಂದ ಮಹಾರಾಜನನ್ನು ಭಿಕ್ಷು ನಾಗಸೇನ ಇದನ್ನೇ ಕೇಳಿದ್ದು: ಅಚ್ಚು ರಥವೋ, ಗಾಲಿ ರಥವೋ, ನೊಗ ರಥವೋ? ಯಾವುದೂ ಅಲ್ಲ, ಎಲ್ಲ ಕೂಡಿದ್ದಕ್ಕೆ ಇಟ್ಟ ಹೆಸರಷ್ಟೇ ರಥ. ಸರ್ವಿಸ್ ಸೆಂಟರಿನವರು ಈ ಬೌದ್ಧ ನಿಲುವನ್ನು ಒಪ್ಪುವುದಿಲ್ಲ. ಅವರ ಸಿದ್ಧಾಂತದಲ್ಲಿ ಹೆಡ್‌ಫೋನಿಗೆ ಆತ್ಮವಿದೆ, ಅದು ಸ್ಕ್ರೂವಿನ ಮೇಲೆ ಅಂಟಿಸಿದ ಪುಟ್ಟ ಸ್ಟಿಕ್ಕರಿನಲ್ಲಿ ವಾಸಿಸುತ್ತದೆ. ಸ್ಟಿಕ್ಕರ್ ಹರಿದ ಕ್ಷಣ ಹೊರಟುಹೋಗುತ್ತದೆ.

ಶ್ರವಣ ಪ್ರಕರಣ

ಪೂರ್ವಪಕ್ಷಗಳಲ್ಲೆಲ್ಲ ಪ್ರಬಲವಾದದ್ದು ನಮ್ಮ ಅಕ್ಕನದು: "ಅಲ್ವೋ, ಹಾಡು ಕೇಳೋಕೆ ತಗೊಂಡ್ಯೋ, ಬಿಚ್ಚೋಕೆ ತಗೊಂಡ್ಯೋ?"

ಅಕ್ಕ ವೀಣೆ ನುಡಿಸುವವಳು. ಅವಳ ವೀಣೆಯ ಇಪ್ಪತ್ತನಾಲ್ಕು ಮೆಟ್ಟಿಲುಗಳು ಕೂತಿರುವುದು ಮೇಣದ ಮೇಲೆ; ಮೇಣ ಜಗ್ಗಿದಾಗಲೆಲ್ಲ ವೀಣೆ ಮೇಳ ಕಟ್ಟುವವರ ಮನೆಗೆ ಹೋಗಿ ಬರುತ್ತದೆ. ಇದನ್ನು ಪ್ರತಿವಾದವಾಗಿ ಮಂಡಿಸಿದೆ. "ಅದನ್ನ ಕಟ್ಟಿಸಿದ ಮೇಲೆ ನುಡಿಸ್ತೀನಿ ಕಣೋ" ಎಂದಳು. ಇದು ವಾದವಲ್ಲ, ವಿತಂಡ ಎಂದು ದಾಖಲಿಸಿಕೊಂಡೆ.

ಕೇಳುವುದಕ್ಕೂ ಪರೀಕ್ಷಿಸುವುದಕ್ಕೂ ಇರುವ ಭೇದ ಲೋಕಕ್ಕೆ ತಿಳಿಯದು. ಪರೀಕ್ಷೆಗೆ ಒಂದೇ ಹಾಡು ಬೇಕು, ಅದರ ಮೊದಲ ನಲವತ್ತು ಸೆಕೆಂಡು ಸಾಕು: ತಂಬೂರಿಯ ಶ್ರುತಿ, ಘಟದ ಮೊದಲ ಪೆಟ್ಟು, ಗಾಯಕಿ ಉಸಿರೆಳೆದುಕೊಳ್ಳುವ ಸದ್ದು. ಅಷ್ಟು ಕೇಳಿ, ನಿಲ್ಲಿಸಿ, ಒಂದು ಚೂರು ಟೇಪು ಕಿತ್ತು, ಮತ್ತೆ ಮೊದಲಿಂದ. ಮೊನ್ನೆ ಅಕ್ಕ ಕನ್ನಡಕ, ಜುಮುಕಿ ಯಾವುದನ್ನೂ ತೆಗೆಯದೆ, ಶಾಸ್ತ್ರದ ಸಕಲ ವಿಧಿಗಳನ್ನೂ ಮುರಿದು ಹೆಡ್‌ಫೋನನ್ನು ಹಾಕಿಕೊಂಡಳು. ಕುಕ್ಕರು ಕೂಗುವವರೆಗೂ ತೆಗೆಯಲಿಲ್ಲ. ಬೇಸ್ ಹೇಗಿದೆ, ಹತ್ತಿ ಹೆಚ್ಚಾಯಿತೇ ಎಂದು ಕೇಳಿದೆ.

"ಚರಣದಲ್ಲಿ ಆ ಹುಡುಗಿ ಎಷ್ಟು ಚೆನ್ನಾಗಿ ನೆರವಲ್ ಮಾಡಿದಾಳೋ!" ಎಂದಳು.

ಆ ಹಾಡಿಗೆ ಚರಣವೂ ಇರುವ ಸಂಗತಿ ಹೊಸದು. ಆದರೆ ಅದು ನಲವತ್ತನೆಯ ಸೆಕೆಂಡಿನ ಆಚೆಗಿನ ವಿಷಯವಾದ್ದರಿಂದ ಪ್ರಸ್ತುತ ಅಧ್ಯಯನದ ವ್ಯಾಪ್ತಿಗೆ ಬರುವುದಿಲ್ಲ.