ಸಾರ್ಥಕಣ್ಣನ ರಾಜೀನಾಮೆ

ಬೆಂಗಳೂರಿನಿಂದ ಕನಕಪುರ, ಮಳವಳ್ಳಿ ಹಾದು, ಸತ್ತೇಗಾಲದ ಹತ್ತಿರ ಕಾವೇರಿ ದಾಟಿ ಕೊಳ್ಳೇಗಾಲದಲ್ಲಿ ಇಳಿಯುವವರು ಹಿಂದೆಲ್ಲ ಹಬ್ಬಕ್ಕೊ ಸಾವಿಗೊ ಬಂದ ಊರವರು, ಇಲ್ಲವೆ ಮಾದಪ್ಪನ ಬೆಟ್ಟಕ್ಕೆ ಹೊರಟ ಭಕ್ತರು. ಈಚಿನ ವರ್ಷಗಳಲ್ಲಿ ಇವರ ನಡುವೆ ಇನ್ನೊಬ್ಬ ಇಳಿಯುತ್ತಿದ್ದಾನೆ. ವಯಸ್ಸು ಮೂವತ್ತೈದರ ಆಸುಪಾಸು, ಗಡ್ಡ ಹೊಸದು. ಬೆನ್ನಿನ ಬ್ಯಾಗು ಮಾತ್ರ ಹಳೆಯ ಕಂಪನಿಯದೇ. ಕಂಪನಿಯ ತತ್ವ ಬೇಡವಾದರೂ ಅದರ ಜಿಪ್ಪು ಗಟ್ಟಿ. ಇವನನ್ನು ಸಾರ್ಥಕಣ್ಣ ಎನ್ನೋಣ. ಮನೆಗೊಬ್ಬ ಮಹದೇವನಿರುವ ಈ ಸೀಮೆಯಲ್ಲಿ ನಿಜವಾದ ಹೆಸರು ಹೇಳಿದರೂ ಯಾರೆಂದು ಗೊತ್ತಾಗುವಂತಿಲ್ಲ. ಹಬ್ಬ ಮುಗಿದು ವಾರವಾದರೂ ಅವನು ಬೆಂಗಳೂರಿಗೆ ಹೊರಡದಿರುವುದನ್ನು ಕಂಡ ದೊಡ್ಡಪ್ಪ ಜಗಲಿಯ ಮೇಲಿಂದಲೇ ಕೇಳುತ್ತಾರೆ: “ಯಾಕ್ ಮೊಗಾ, ಕೆಲ್ಸದಿಂದ ತಗ್ದಾಕ್ಬುಟ್ರಾ?” “ಇಲ್ಲ ದೊಡ್ಡಪ್ಪ, ನಾನೇ ಬುಟ್ಬುಟ್ಟೆ. ಬದುಕಿಗೆ ಒಂದು ಪರ್ಪಸ್ ಬೇಕು ಅನ್ನಿಸ್ತು.” ದೊಡ್ಡಪ್ಪ ತಲೆಯಾಡಿಸುತ್ತಾರೆ. ಸಂಜೆಯೊಳಗೆ ಊರಿಗೆಲ್ಲ ಗೊತ್ತಾಗುತ್ತದೆ: ಪಾಪ, ತೆಗೆದುಹಾಕಿದ್ದಾರೆ, ಹೇಳಿಕೊಳ್ಳಲು ನಾಚಿಕೆ.

ಊರಿನ ಈ ತೀರ್ಪು ಅನ್ಯಾಯದ್ದು. ಸಾರ್ಥಕಣ್ಣ ಸುಳ್ಳು ಹೇಳುವವನಲ್ಲ. ಯಾವುದೋ ದೇಶದ ಯಾರದೋ ವಿಮೆಯ ಅರ್ಜಿಗಳನ್ನು ರಾತ್ರಿಯೆಲ್ಲ ಕೂತು ಒಂದು ಪಟ್ಟಿಯಿಂದ ಇನ್ನೊಂದು ಪಟ್ಟಿಗೆ ಸಾಗಿಸುವ ಕೆಲಸದಲ್ಲಿ ಸಾರ್ಥಕತೆ ಕಾಣಲಿಲ್ಲವೆಂದರೆ ಅದು ಕಣ್ಣಿನ ದೋಷವಲ್ಲ. ಕೆಲಸ ಬಿಟ್ಟದ್ದು ತಪ್ಪೆಂದು ನಾನೂ ಹೇಳಲಾರೆ. ನನ್ನ ತಕರಾರು ಲೆಕ್ಕದ್ದು ಮಾತ್ರ. ನೌಕರಿ ಬಿಟ್ಟೆ ಎನ್ನುವವನು ಬಿಟ್ಟಿರುವುದು ತನ್ನ ನೌಕರಿಯನ್ನು. ಮನೆಗೆ ಒಂದು ನೌಕರಿ ಬೇಕೆಂಬ ಅಗತ್ಯವನ್ನಲ್ಲ. ಅದು ಅದೇ ಮನೆಯ ಇನ್ನೊಬ್ಬರ ಹೆಗಲಿಗೆ ಸದ್ದಿಲ್ಲದೆ ದಾಟುತ್ತದೆ. ಸಾರ್ಥಕಣ್ಣನ ಮನೆಯಲ್ಲಿ ಆ ಹೆಗಲು ಹೆಂಡತಿಯದು. ಆಕೆ ಹನೂರು ತಾಲ್ಲೂಕಿನ ಒಂದು ಪ್ರಾಥಮಿಕ ಶಾಲೆಯ ಮೇಡಂ. ಬೆಳಿಗ್ಗೆ ಬಸ್ಸಿಗೆ ಓಡಿ, ಪಾಠ ಹೇಳಿ, ಮೊಟ್ಟೆಯ ಲೆಕ್ಕ ಬರೆದು, ಮಕ್ಕಳ ವಿವರ ಆನ್‌ಲೈನಿಗೆ ಏರಿಸಿ, ನಡುನಡುವೆ ಚುನಾವಣೆ ಮತ್ತು ಸಮೀಕ್ಷೆಯ ಕರ್ತವ್ಯ ಮುಗಿಸಿ ಆಕೆ ಮನೆಗೆ ಬರುವ ಹೊತ್ತಿಗೆ ಸಾರ್ಥಕಣ್ಣ ಜಗಲಿಯ ಮೇಲೆ ಕೂತು, ಅವಸರವಿಲ್ಲದ ಬದುಕಿನ ಮಹತ್ವವನ್ನು ಪಕ್ಕದ ಮನೆಯವರಿಗೆ ವಿವರಿಸುತ್ತಿರುತ್ತಾನೆ. ಆಕೆಯ ಸಂಬಳ ತಿಂಗಳ ಮೊದಲ ವಾರ ಬೀಳುತ್ತದೆ. ಅಪ್ಪನ ಪಿಂಚಣಿಯೂ ಇದೆ, ರೇಷ್ಮೆ ಇಲಾಖೆಯದು. ಅಪ್ಪ ಮೂವತ್ತು ವರ್ಷ ಬೇಸರದಿಂದಲೇ ಆ ಕೆಲಸ ಮಾಡಿದರೆಂಬುದು ಮನೆಯವರಿಗೆಲ್ಲ ಗೊತ್ತು.

ಇನ್ನು ಅವನ ಪರ್ಪಸ್ ಏನೆಂದರೆ, ಮಣ್ಣು. ಮಣ್ಣೆಂದರೆ ಅಪ್ಪನ ಎರಡೆಕರೆ. ಮೊದಲ ವರ್ಷ ನೈಸರ್ಗಿಕ ಕೃಷಿಯ ಸುಭಾಷ್ ಪಾಳೇಕರರ ವಿಡಿಯೋಗಳನ್ನು ನೋಡಿ ಸಗಣಿ, ಗಂಜಲ, ಬೆಲ್ಲ, ಕಾಳಿನ ಹಿಟ್ಟು ಕಲೆಸಿ ಜೀವಾಮೃತ ಮಾಡುತ್ತಾನೆ. ಅದಕ್ಕೆ ಬೇಕಾದ ನಾಟಿ ಹಸುವಿನ ಸಗಣಿ ಎತ್ತುವವಳು ಅಮ್ಮ. ಎರಡನೆಯ ವರ್ಷ ಹಿಪ್ಪುನೇರಳೆ. ಕೊಳ್ಳೇಗಾಲ ಸೀಮೆಗೂ ರೇಷ್ಮೆಗೂ ಇರುವ ನಂಟು ಹಳೆಯದು, ಹುಳು ಸಾಕುವುದು ಇಲ್ಲಿ ಯಾರೂ ಶಿಬಿರಕ್ಕೆ ಹೋಗಿ ಕಲಿತದ್ದಲ್ಲ. ಆದರೆ ಮ್ಯಾನೇಜರನ ಕಾಟ ತಾಳದೆ ಬಂದವನು ರೇಷ್ಮೆಹುಳುವನ್ನು ಆರಿಸಿಕೊಳ್ಳುವುದಿದೆಯಲ್ಲ, ಇದಕ್ಕಿಂತ ದೊಡ್ಡ ವಿಪರ್ಯಾಸ ಬೇರೆ ಬೇಕಿಲ್ಲ. ಹುಳುವಿಗೆ ಭಾನುವಾರವಿಲ್ಲ. ಮೊಟ್ಟೆಯೊಡೆದು ಗೂಡು ಕಟ್ಟುವವರೆಗಿನ ಇಪ್ಪತ್ತೈದು ಚಿಲ್ಲರೆ ದಿನಗಳಲ್ಲಿ ಅದು ನಾಲ್ಕು ಸಲ ಜ್ವರಕ್ಕೆ ಕೂರುತ್ತದೆ, ಪೊರೆ ಕಳಚುತ್ತದೆ. ನಾಲ್ಕನೆಯ ಜ್ವರ ಎದ್ದ ಮೇಲೆ ಅದರ ಹಸಿವು ಹೇಳತೀರದು. ಇಡೀ ಬೆಳೆಗೆ ಬೇಕಾಗುವ ಸೊಪ್ಪಿನಲ್ಲಿ ಮುಕ್ಕಾಲಿಗೂ ಹೆಚ್ಚು ಪಾಲನ್ನು ಆ ಕೊನೆಯ ಏಳೆಂಟು ದಿನಗಳಲ್ಲೇ ತಿಂದು ಮುಗಿಸುತ್ತದೆ. ರಾತ್ರಿಯೂ ಸೊಪ್ಪು ಹಾಕಬೇಕು. ಒದ್ದೆ ಸೊಪ್ಪು ಹಾಕಿದರೆ ಸಪ್ಪೆರೋಗ, ಮನೆ ಶುದ್ಧವಿಲ್ಲದಿದ್ದರೆ ಸುಣ್ಣಕಟ್ಟು. ಹಣ್ಣಾದ ಹುಳುವನ್ನು ಹೊತ್ತಿಗೆ ಸರಿಯಾಗಿ ಗೂಡು ಕಟ್ಟುವ ಚಂದ್ರಿಕೆಗೆ ಹಾಕಬೇಕು. ಗೂಡು ಬಿಡಿಸಿ ನಾಲ್ಕು ದಿನ ಸೋಮಾರಿತನ ಮಾಡಿದರೆ ಚಿಟ್ಟೆ ತೂತು ಕೊರೆದು ಹೊರಬರುತ್ತದೆ, ಗೂಡು ನೂಲಿಗೆ ಬಾರದು. ಹರಾಜಿನಲ್ಲಿ ಬೆಲೆ ಕಟ್ಟುವವನು ನಿಮ್ಮ ಆತ್ಮತೃಪ್ತಿಗೆ ಒಂದು ರೂಪಾಯಿಯನ್ನೂ ಸೇರಿಸುವುದಿಲ್ಲ. ಹೀಗಾಗಿ ಮೂರನೆಯ ಜ್ವರದ ಹೊತ್ತಿಗೆ ಸಾರ್ಥಕಣ್ಣನಿಗೆ ಮೈಸೂರಿನಲ್ಲೊಂದು ತುರ್ತು ಸಮಾವೇಶ ಬರುತ್ತದೆ. ರಾತ್ರಿ ಸೊಪ್ಪು ಹಾಕುವವರು ಅಪ್ಪ ಮತ್ತು, ಶಾಲೆಯಿಂದ ಬಂದ ಮೇಲೆ, ಮೇಡಂ.

ಪಕ್ಕದ ಯಳಂದೂರಿನವರು ಸಾರ್ಥಕಣ್ಣನಂಥವರಿಗೆ ಹೇಳಿಕೊಡಬಹುದಾದ ಚರಿತ್ರೆ ಬೇಕಾದಷ್ಟಿದೆ, ಯಾರೂ ಕೇಳುವುದಿಲ್ಲ ಅಷ್ಟೆ. ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿ ಎಲೆಯಡಿಕೆಯ ಸಂಚಿ ಹಿಡಿಯುವ ಊಳಿಗದಲ್ಲಿದ್ದ ಹೊನ್ನಮ್ಮ ಯಳಂದೂರಿನವಳು. ಸಂಚಿ ಹಿಡಿದು ನಿಲ್ಲುವುದರಲ್ಲಿ ಏನು ಸಾರ್ಥಕ್ಯ? ಇಂದಿನವರಾಗಿದ್ದರೆ ಸಂಚಿಯನ್ನು ಮೇಜಿನ ಮೇಲಿಟ್ಟು ‘ನನ್ನೊಳಗಿನ ಕವಯಿತ್ರಿಯನ್ನು ಹುಡುಕಿ ಹೊರಟಿದ್ದೇನೆ’ ಎಂದು ಬರೆದು ಬರುತ್ತಿದ್ದರು. ಹೊನ್ನಮ್ಮ ಊಳಿಗ ಬಿಡಲಿಲ್ಲ. ಅಲ್ಲಿದ್ದುಕೊಂಡೇ ಸಿಂಗರಾರ್ಯನಲ್ಲಿ ಕಲಿತಳು, ರಾಣಿಯ ಆಶ್ರಯದಲ್ಲೇ ‘ಹದಿಬದೆಯ ಧರ್ಮ’ ಬರೆದಳು. ಕೆಲಸದ ಹೆಸರನ್ನು ತನ್ನ ಹೆಸರಿನ ಮುಂದೆಯೇ ಉಳಿಸಿಕೊಂಡಳು. ಸಂಚಿ ಹೊನ್ನಮ್ಮನೆಂದರೇ ನಮಗೆ ಗೊತ್ತಾಗುವುದು. ಇನ್ನೊಬ್ಬರು ದಿವಾನ್ ಪೂರ್ಣಯ್ಯ. ಹೈದರನ ಕೈಕೆಳಗೆ ದುಡಿದರು, ಟಿಪ್ಪುವಿನ ಕೈಕೆಳಗೆ ದುಡಿದರು. 1799ರಲ್ಲಿ ಆಡಳಿತವೇ ಕೈಬದಲಾದಾಗಲೂ ಎದ್ದು ಹೋಗದೆ ಒಡೆಯರ ಹೆಸರಿನಲ್ಲಿ, ಇಂಗ್ಲಿಷರ ಕಣ್ಣೆದುರಿನಲ್ಲಿ ದಿವಾನಗಿರಿ ಮಾಡಿದರು. ಕಂಪನಿ ಕೈಬದಲಾಯಿತೆಂದು ಬೇಸತ್ತು ರಾಜೀನಾಮೆ ಕೊಡುವ ಸಾಫ್ಟ್‌ವೇರಿನವರು ಇದನ್ನು ಗಮನಿಸಬೇಕು. ನಿಜವಾದ ‘ಕಂಪನಿ’ಯೇ ಬಂದಾಗಲೂ ಪೂರ್ಣಯ್ಯ ಕುರ್ಚಿ ಬಿಡಲಿಲ್ಲ. 1807ರಲ್ಲಿ ಅವರಿಗೆ ಸಿಕ್ಕ ಜಹಗೀರು ಇದೇ ಯಳಂದೂರು. ಅವರ ನಿಷ್ಠೆ ಯಾರಿಗಿತ್ತೆಂಬ ಪ್ರಶ್ನೆಯನ್ನು ಚರಿತ್ರಕಾರರಿಗೆ ಬಿಡೋಣ. ಹಾಜರಿ ಪುಸ್ತಕಕ್ಕಂತೂ ಇತ್ತು.

ಸಾರ್ಥಕಣ್ಣ ಇದಕ್ಕೆ ಸುಮ್ಮನಿರುವವನಲ್ಲ. ಅವನ ಬತ್ತಳಿಕೆಯಲ್ಲೂ ಊರಿನದೇ ಬಾಣಗಳಿವೆ. ಕೊಳ್ಳೇಗಾಲದ ಬಳಿಯ ಚಿಲಕವಾಡಿಯ ಶಂಭುಲಿಂಗನ ಬೆಟ್ಟ ಇದೆಯಲ್ಲ, ಈ ಸೀಮೆಯ ಒಡೆತನವನ್ನೇ ಬಿಟ್ಟು ಅಲ್ಲಿ ತಪಸ್ಸಿಗೆ ಕೂತವರು ನಿಜಗುಣ ಶಿವಯೋಗಿಗಳು ಎನ್ನುತ್ತದೆ ಐತಿಹ್ಯ. ಸರಿಯೇ. ಆದರೆ ಅವರು ಆಳಿದ್ದು ಎಲ್ಲಿ, ಬಿಟ್ಟದ್ದು ಏಕೆ ಎಂಬುದು ಜನರ ಬಾಯಲ್ಲಿದೆ. ಬರೆದದ್ದು ನಮ್ಮ ಕೈಯಲ್ಲಿದೆ. ‘ವಿವೇಕಚಿಂತಾಮಣಿ’ಯನ್ನು ಕನ್ನಡದ ಹಳೆಯ ವಿಶ್ವಕೋಶವೆಂದೇ ವಿದ್ವಾಂಸರು ಕರೆಯುತ್ತಾರೆ. ಅಷ್ಟು ಶಾಸ್ತ್ರಗಳನ್ನು ಒಂದೆಡೆ ತಂದಿಡಬೇಕಾದರೆ ರಾಜ್ಯವಾಳುವುದಕ್ಕಿಂತ ಹೆಚ್ಚು ಹೊತ್ತು ಕೂರಬೇಕು. ಸಾರ್ಥಕಣ್ಣನದು ತಿರುಗಾಮುರುಗಾ. ಅವನು ಕೆಲಸ ಬಿಟ್ಟದ್ದಕ್ಕೆ ಫೋಟೋ ಸಮೇತ ದಾಖಲೆಯಿದೆ. ಆಮೇಲೆ ಮಾಡಿದ್ದಕ್ಕೆ ಐತಿಹ್ಯವೇ ಗತಿ. ಆಗ ಅವನು ಸಿದ್ದಪ್ಪಾಜಿಯನ್ನು ಎತ್ತುತ್ತಾನೆ. ನೀಲಗಾರರು ಹಾಡುವ ಕಥೆಯಲ್ಲಿ ಕಮ್ಮಾರರ ಮನೆಯ ಹುಡುಗ ಕೆಂಪಾಚಾರಿ ಮನೆ, ಕುಲುಮೆ ಎಲ್ಲ ಬಿಟ್ಟು ಮಂಟೇಸ್ವಾಮಿಯ ಹಿಂದೆ ಬರುತ್ತಾನೆ, ಸಿದ್ದಪ್ಪಾಜಿಯಾಗಿ ಚಿಕ್ಕಲ್ಲೂರಿನಲ್ಲಿ ನೆಲೆಸುತ್ತಾನೆ. ಅದೂ ನಿಜವೇ. ಆದರೆ ಗುರು ಅವನಿಗೆ ಒಪ್ಪಿಸಿದ ಕೆಲಸ ಯಾವುದು? ಹಲಗೂರಿಗೆ ಹೋಗು, ಪಾಂಚಾಳರ ಮುಂದೆ ನಿಂತು ಕಬ್ಬಿಣದ ಭಿಕ್ಷೆ ತಾ. ಬಿಟ್ಟುಬಂದ ಕಬ್ಬಿಣವೇ ಎದುರಿಗೆ ಬಂದು ಕೂತಿತು, ಅದೂ ಸಂಬಳವಿಲ್ಲದೆ. ಇಷ್ಟಕ್ಕೂ ಆ ಕಥೆಯನ್ನು ತಂಬೂರಿ ಹಿಡಿದು ರಾತ್ರಿಯಿಡೀ ಹಾಡುವವರಲ್ಲಿ ಎಷ್ಟೋ ಮಂದಿ ಹಗಲು ಕೂಲಿಗೆ ಹೋಗುವವರು. ಹಾಡಿಗಾಗಿ ಕೂಲಿ ಬಿಟ್ಟೆವೆಂದು ಅವರು ಹೇಳಿಕೊಂಡದ್ದಿಲ್ಲ, ಕೂಲಿಗಾಗಿ ಹಾಡು ಬಿಟ್ಟದ್ದೂ ಇಲ್ಲ.

ಅವನ ಕೊನೆಯ ಬಾಣ, ಮತ್ತು ಬಲವಾದದ್ದು, ಬಿಳಿಗಿರಿರಂಗನ ಬೆಟ್ಟದ ಡಾ. ಎಚ್. ಸುದರ್ಶನ್. ಬೆಂಗಳೂರಿನಲ್ಲಿ ವೈದ್ಯಕೀಯ ಓದಿ, ನಗರದಲ್ಲಿ ಹಣ ಎಣಿಸಬಹುದಾಗಿದ್ದವರು ಸೋಲಿಗರ ನಡುವೆ ಬಂದು ನೆಲೆಸಿದರು. 1981ರಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ, 1986ರಲ್ಲಿ ಯಳಂದೂರು ತಾಲ್ಲೂಕಿನ ಕುಷ್ಠರೋಗದ ವಿರುದ್ಧ ಕರುಣಾ ಟ್ರಸ್ಟ್, 1994ರಲ್ಲಿ ರೈಟ್ ಲೈವ್ಲಿಹುಡ್ ಪ್ರಶಸ್ತಿ. ಈ ಉದಾಹರಣೆಗೆ ಯಾರೂ ಎದುರಾಡುವಂತಿಲ್ಲ. ಅದಕ್ಕೇ ಇದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಅವರು ಬೆಟ್ಟ ಹತ್ತುವಾಗ ಡಾಕ್ಟರಿಕೆಯನ್ನು ಕೆಳಗೆ ಬಿಟ್ಟು ಬರಲಿಲ್ಲ. ಅದನ್ನೇ ಹೊತ್ತು ತಂದರು. ಬೆಟ್ಟದಲ್ಲಿ ರೋಗಿಗಳು ಮೊದಲೇ ಇದ್ದರು, ಡಾಕ್ಟರು ಇರಲಿಲ್ಲ. ಸಾರ್ಥಕಣ್ಣನಿಗೆ ಗೊತ್ತಿರುವ ವಿದ್ಯೆ ಲೆಕ್ಕದ ಪಟ್ಟಿಗಳದು. ಹನೂರಿನ ಹಾಲಿನ ಸಂಘಕ್ಕೊ ಯಳಂದೂರಿನ ಸಹಕಾರ ಸಂಘಕ್ಕೊ ಅದರಿಂದ ಎಷ್ಟು ಉಪಕಾರವಾದೀತು! ಆದರೆ ಆ ವಿದ್ಯೆಯನ್ನು ಮಾತ್ರ ಅವನು ಬೆಂಗಳೂರಿನಲ್ಲೇ ಬಿಟ್ಟು ಬಂದಿದ್ದಾನೆ, ಅದರಿಂದಲೇ ತನ್ನ ಆತ್ಮ ಒಣಗಿತೆಂದು. ಇನ್ನೊಂದು ವಿಷಯ. ಸುದರ್ಶನ್ ಅವರ ಸಾಧನೆಯಲ್ಲಿ ಫೈಲು, ರಿಜಿಸ್ಟರು, ಇಲಾಖೆ ಕಡಿಮೆಯೇನಿಲ್ಲ. 1996ರಲ್ಲಿ ಗುಂಬಳ್ಳಿಯ ಸರ್ಕಾರಿ ಪ್ರಾಥಮಿಕ ಆರೋಗ್ಯ ಕೇಂದ್ರವನ್ನೇ ಟ್ರಸ್ಟು ವಹಿಸಿಕೊಂಡಿತು. ಮುಂದೆ ಅವರು ಲೋಕಾಯುಕ್ತದಲ್ಲಿ ಆರೋಗ್ಯ ಕ್ಷೇತ್ರದ ಭ್ರಷ್ಟಾಚಾರ ನೋಡುವ ಹುದ್ದೆಯಲ್ಲೇ ಕೂತರು. ಸರ್ಕಾರಿ ಕಚೇರಿಯ ಕುರ್ಚಿಗಿಂತ ಬೇಸರದ ಜಾಗ ಯಾವುದಿದೆ? ಅಲ್ಲಿಗೂ ಹೋದರು. ಸೋಲಿಗರ ಮಾತೂ ಅಷ್ಟೆ. ಒಂಬತ್ತರಿಂದ ಆರರ ಗೋಳಿಲ್ಲದ ಧನ್ಯರೆಂದು ಸಾರ್ಥಕಣ್ಣ ಅವರನ್ನು ಕೊಂಡಾಡುತ್ತಾನೆ. ಅವರಾದರೋ ಅರ್ಜಿ, ಗ್ರಾಮಸಭೆಯ ನಿರ್ಣಯ, ನಕ್ಷೆ, ಕಚೇರಿ ಎಂದು ಅಲೆದು 2011ರಲ್ಲಿ ಸಮುದಾಯ ಅರಣ್ಯ ಹಕ್ಕು ಪಡೆದರು.

ಅವನ ಪರವಾಗಿ ಒಂದು ಆಕ್ಷೇಪವನ್ನು ನಾನೇ ಎತ್ತಬೇಕು, ಅವನಿಗೆ ಅದು ಹೊಳೆದಿಲ್ಲ. ಅವನು ಯಾರ ದುಡ್ಡನ್ನೂ ಕದ್ದಿಲ್ಲ. ಹತ್ತು ವರ್ಷ ಮನೆಗೆ ಕಳಿಸಿದ್ದಾನೆ, ತಂಗಿಯ ಮದುವೆ ಮಾಡಿದ್ದಾನೆ, ತಾರಸಿ ಹಾಕಿಸಿದ್ದಾನೆ. ಅಂಥವನು ನಾಲ್ಕು ದಿನ ಜಗಲಿಯ ಮೇಲೆ ಕೂತರೆ ಯಾರಿಗೇನು ನಷ್ಟ? ಒಪ್ಪಿದೆ. ಕೂರಲಿ. ದಣಿವಾಗಿದೆ ಎಂದು ಹೇಳಿ ಕೂತಿದ್ದರೆ ಈ ಬರಹವೇ ಬೇಕಿರಲಿಲ್ಲ. ಅವನು ವಿಶ್ರಾಂತಿಗೆ ವೈರಾಗ್ಯದ ಶಾಲು ಹೊದಿಸುವುದೇ ತೊಂದರೆ. ಕೊಳ್ಳೇಗಾಲ, ಮಾಂಬಳ್ಳಿಯಲ್ಲಿ ಕುದಿನೀರಿನ ತೊಟ್ಟಿಯ ಮುಂದೆ ಕೂತು ಗೂಡಿನಿಂದ ನೂಲು ಬಿಚ್ಚುವ ಹೆಂಗಸರ ಬೆರಳು ಬೆಂದು ಬಿಳಚಿರುತ್ತವೆ. ಹನೂರಿನ ಮಳೆಯಾಶ್ರಯದ ಹೊಲದಲ್ಲಿ ಜೋಳ ಹಾಕಿದವರು ರಾತ್ರಿಯೆಲ್ಲ ಆನೆ, ಕಾಡುಹಂದಿ ಕಾಯುತ್ತಾರೆ. ಅವರ ಕೆಲಸದಲ್ಲಿ ತೃಪ್ತಿ ಇದೆಯೇ ಎಂದು ಯಾರೂ ಕೇಳಿಲ್ಲ. ಕೇಳಿದರೆ ಸಮೀಕ್ಷೆಯವರು ಬಂದರೆಂದು ಆಧಾರ್ ಕಾರ್ಡು ತಂದು ತೋರಿಸುತ್ತಾರೆ. ರಾಜೀನಾಮೆ ಕೊಡಲು ಮೊದಲು ನೇಮಕಾತಿ ಪತ್ರ ಬೇಕು. ಹಾಗೆ ನೋಡಿದರೆ ಈ ಸೀಮೆಯಲ್ಲಿ ರಾಜೀನಾಮೆಯ ಅಭ್ಯಾಸ ಮನುಷ್ಯರಿಗಿಂತ ತಾಲ್ಲೂಕುಗಳಿಗೇ ಹೆಚ್ಚು. ಕೊಳ್ಳೇಗಾಲ 1956ರಲ್ಲಿ ಮದರಾಸಿನ ಕೊಯಮತ್ತೂರು ಜಿಲ್ಲೆ ಬಿಟ್ಟು ಮೈಸೂರಿಗೆ ಬಂತು, 1997ರಲ್ಲಿ ಮೈಸೂರು ಬಿಟ್ಟು ಚಾಮರಾಜನಗರಕ್ಕೆ ಸೇರಿತು. ಆಮೇಲೆ ಹನೂರು ಕೊಳ್ಳೇಗಾಲವನ್ನೇ ಬಿಟ್ಟು ಸ್ವತಂತ್ರ ತಾಲ್ಲೂಕಾಯಿತು. ಆದರೂ ಹನೂರಿನವರು ನೂರೆಂಟು ಕೆಲಸಕ್ಕೆ ಕೊಳ್ಳೇಗಾಲದ ಬಸ್ಸು ಹತ್ತುವುದು ತಪ್ಪಿಲ್ಲ. ಸಾರ್ಥಕಣ್ಣನೂ ಅಷ್ಟೆ, ಕಿಸೆಯಲ್ಲಿ ಕಾಸಿಲ್ಲದಾಗ ಮೇಡಂ ಶಾಲೆಯಿಂದ ಬರುವುದನ್ನೇ ಕಾಯುತ್ತಾನೆ.

ಈ ಮನೆಯಲ್ಲಿ ಸಾರ್ಥಕತೆಯ ಪ್ರಶ್ನೆಯನ್ನು ಕೇಳಿಸಿಕೊಳ್ಳದೆ ಉಳಿದವರು ಒಬ್ಬರೇ. ಒಂದು ದಿನ ಜೂನ್ ತಿಂಗಳ ದಾಖಲಾತಿ, ಪಠ್ಯಪುಸ್ತಕದ ಲೆಕ್ಕ, ಯಾವುದೋ ತರಬೇತಿ ಎಲ್ಲ ಒಟ್ಟಿಗೆ ಬಂದು ಬಿದ್ದು ಮೇಡಂ ಚೀಲವನ್ನು ಮೂಲೆಗೆ ಇಟ್ಟು, “ನನಗೂ ಸಾಕಾಗಿದೆ ಕಣ್ರೀ, ನಾನೂ ಬಿಟ್ಟುಬಿಡ್ತೀನಿ” ಎಂದರೆ ಏನಾಗುತ್ತದೆ ಎಂದು ಊಹಿಸುವುದು ಕಷ್ಟವಲ್ಲ. ಸಾರ್ಥಕಣ್ಣ ಗಡ್ಡ ಸವರಿಕೊಂಡು ಎದ್ದು ಕೂರುತ್ತಾನೆ. ಮಗಳ ಫೀಸು, ಮನೆ ಸಾಲದ ಕಂತು, ಅಪ್ಪನ ಬಿಪಿ ಮಾತ್ರೆ, ನಿವೃತ್ತಿಗೆ ಉಳಿದ ವರ್ಷ, ಎಲ್ಲವನ್ನೂ ಬೆರಳು ಮಡಿಸಿ ಲೆಕ್ಕ ಹಾಕುತ್ತಾನೆ. ಆ ಹಳೆಯ ವಿದ್ಯೆ ಎಲ್ಲೂ ಹೋಗಿಲ್ಲ. ಆವೇಶದಲ್ಲಿ ತೀರ್ಮಾನ ಮಾಡಬಾರದು, ಎರಡು ದಿನ ರಜೆ ಹಾಕು, ಎಲ್ಲ ಸರಿಹೋಗುತ್ತದೆ ಎಂದು ಸಮಾಧಾನ ಹೇಳುತ್ತಾನೆ. ಹಿಂದೆ ಅವನ ರಾಜೀನಾಮೆ ಪತ್ರ ಹಿಡಿದು ಮ್ಯಾನೇಜರು ಹೇಳಿದ್ದೂ ಅಕ್ಷರಶಃ ಇದನ್ನೇ. ಮೇಡಂ ಇನ್ನೂ ಒಪ್ಪದಿದ್ದರೆ ಅವನು ನಿಜವಾಗಿಯೂ ಗಾಬರಿಯಾಗಿ ಕೇಳುತ್ತಾನೆ: “ಗೌರ್ಮೆಂಟ್ ಕೆಲ್ಸ ಕಣೇ! ಅದನ್ನ ಯಾರಾದ್ರೂ ಬುಡ್ತಾರಾ?”